‘ಅರ್ಥವಾಯ್ತಾ?’ ಎಂದು ಕೇಳಿದರೆ ಸಾಕೇ?

– ದ್ವಿತೀಯ ಪಿಯುಸಿ ವಿಜ್ಞಾನ ವಿದ್ಯಾರ್ಥಿನಿ

ಕಳೆದ ಮಳೆಗಾಲದಲ್ಲಿ ನಮ್ಮ ದಾದಿಮಾ ಕಾಲಿನ ಗಾಯಕ್ಕೆಂದು ಐದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. (ಉರ್ದು ಮಾತನಾಡುವ ನಮ್ಮ ಮನೆಯಲ್ಲಿ ದಾದಿ ಎಂದರೆ ಅಪ್ಪನ ತಾಯಿ, ಕನ್ನಡದಲ್ಲಿ ದಾದಿ ಎಂದರೆ ನರ್ಸ್. ಈ ಲೇಖನದಲ್ಲಿ ಇಬ್ಬರೂ ಬರುತ್ತಾರೆ. ಗೊಂದಲವಾಗದಿರಲೆಂದು ನರ್ಸನ್ನು ನರ್ಸ್ ಎಂದೇ ಬರೆಯುತ್ತೇನೆ.) ಗಾಯ ಒಣಗಿತ್ತು, ಸಕ್ಕರೆ ಕಾಯಿಲೆಯೂ ಹತೋಟಿಗೆ ಬಂದಿತ್ತು. ಮನೆಗೆ ಬಂದ ಮೂರನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಜಗಲಿಯಲ್ಲಿ ಕುಳಿತಿದ್ದವರು ಇದ್ದಕ್ಕಿದ್ದಂತೆ ಬೆವರತೊಡಗಿದರು. ಕೈ ನಡುಗುತ್ತಿತ್ತು. ಏನು ಕೇಳಿದರೂ ಸಂಬಂಧವಿಲ್ಲದ ಉತ್ತರ. ಪಕ್ಕದ ಮನೆಯಲ್ಲಿದ್ದ ಆಶಾ ಕಾರ್ಯಕರ್ತೆ ಓಡಿ ಬಂದರು. ನುಂಗುವಷ್ಟು ಎಚ್ಚರವಿದೆಯೆಂದು ಖಚಿತ ಮಾಡಿಕೊಂಡು, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿದರು. ಕಾಲು ಗಂಟೆಯಲ್ಲಿ ನಡುಕ ನಿಂತಿತು. ಕೂಡಲೇ ರಿಕ್ಷಾದಲ್ಲಿ ಆಸ್ಪತ್ರೆಗೆ ಹೋದೆವು.

ರಕ್ತದ ಸಕ್ಕರೆ ಅಷ್ಟು ಇಳಿಯಲು ಕಾರಣ ನಮ್ಮ ಮಾತ್ರೆ ಡಬ್ಬಿಯಲ್ಲೇ ಇತ್ತು. ಆಸ್ಪತ್ರೆಗೆ ಸೇರುವ ಮೊದಲು ತೆಗೆದುಕೊಳ್ಳುತ್ತಿದ್ದ ಹಳೆಯ ಸ್ಟ್ರಿಪ್ ಒಂದು, ಆಸ್ಪತ್ರೆಯಿಂದ ತಂದ ಹೊಸ ಸ್ಟ್ರಿಪ್ ಒಂದು. ಹೆಸರು ಬೇರೆ, ಬಣ್ಣ ಬೇರೆ, ಕಂಪನಿ ಬೇರೆ. ಆದರೆ ಎರಡರಲ್ಲೂ ಇದ್ದದ್ದು ಗ್ಲಿಮೆಪಿರೈಡ್ 2 ಮಿಲಿಗ್ರಾಂ. ದಾದಿಮಾ ಪ್ರತಿದಿನ ಬೆಳಿಗ್ಗೆ ಎರಡನ್ನೂ ನುಂಗುತ್ತಿದ್ದರು.

ಡಿಸ್ಚಾರ್ಜ್ ದಿನ ಅವರ ಜೊತೆ ಇದ್ದದ್ದು ನಾನೇ. ನರ್ಸ್ ಬಂದು ಮಾತ್ರೆಗಳನ್ನು ಒಂದೊಂದಾಗಿ ತೋರಿಸಿ ಹೇಳಿದ್ದರು. ಕೊನೆಗೆ, “ಅರ್ಥವಾಯ್ತಾ ಅಜ್ಜಿ?” ಎಂದು ಕೇಳಿದ್ದರು. ದಾದಿಮಾ, “ಹಾಂ ಮಗಾ, ಗೊತ್ತಾಯ್ತ್” ಎಂದಿದ್ದರು. ನಾನು ಬಸ್ಸಿನ ಸಮಯ ನೋಡುತ್ತಿದ್ದೆ. ಹಳೆಯ ಮಾತ್ರೆ ಏನು ಮಾಡಬೇಕೆಂದು ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ.

ಈ ಘಟನೆಯ ನಂತರ, ನರ್ಸಿಂಗ್ ಮೂರನೇ ವರ್ಷದಲ್ಲಿ ಓದುತ್ತಿರುವ ದೊಡ್ಡಪ್ಪನ ಮಗಳನ್ನು (ನಮಗೆ ಅವರು ಆಪಾ) ಕೂರಿಸಿಕೊಂಡು ಕೇಳಿದೆ: ಮದ್ದು ಕೊಡುವ ಕೆಲಸವನ್ನು ನಿಮಗೆ ಹೇಗೆ ಕಲಿಸುತ್ತಾರೆ? ಅವರು ಹೇಳಿದ್ದನ್ನು ಮತ್ತು ನಂತರ ಓದಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಐದು ‘ಸರಿ’ಗಳು

ನರ್ಸಿಂಗ್ ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ಕಲಿಯುವ ಪಾಠ ಇದು. ಸರಿಯಾದ ರೋಗಿಗೆ, ಸರಿಯಾದ ಔಷಧವನ್ನು, ಸರಿಯಾದ ಪ್ರಮಾಣದಲ್ಲಿ, ಸರಿಯಾದ ಮಾರ್ಗದಲ್ಲಿ, ಸರಿಯಾದ ಸಮಯಕ್ಕೆ ಕೊಡಬೇಕು. ಕೇಳಲು ಸುಲಭ. ಆದರೆ ಒಂದೊಂದರ ಹಿಂದೆಯೂ ಯಾರಿಗೋ ಆದ ಅಪಾಯದ ಅನುಭವವಿದೆ.

ಮೊದಲನೆಯದು ರೋಗಿ. ಒಂದೇ ವಾರ್ಡಿನಲ್ಲಿ ಇಬ್ಬರು ಫಾತಿಮಾ, ಇಬ್ಬರು ಗಿರಿಜಾ ಇರುವುದು ನಮ್ಮ ಕಡೆ ಅಪರೂಪವಲ್ಲ. “ನೀವು ಫಾತಿಮಾ ಅಲ್ವಾ?” ಎಂದರೆ ಅರೆನಿದ್ದೆಯಲ್ಲಿರುವ ಯಾರೂ ‘ಹೂಂ’ ಎಂದಾರು. ಆದ್ದರಿಂದ “ನಿಮ್ಮ ಹೆಸರು ಹೇಳಿ” ಎಂದು ಕೇಳಬೇಕು, ಹೆಸರಿನ ಜೊತೆ ಆಸ್ಪತ್ರೆಯ ನೋಂದಣಿ ಸಂಖ್ಯೆಯನ್ನೂ ನೋಡಬೇಕು. ಹಾಸಿಗೆ ಸಂಖ್ಯೆಯನ್ನು ನಂಬಬಾರದು, ಏಕೆಂದರೆ ರೋಗಿಗಳ ಹಾಸಿಗೆ ಬದಲಾಗುತ್ತಿರುತ್ತದೆ.

ಎರಡನೆಯದು ಔಷಧ. ಲೇಬಲನ್ನು ಮೂರು ಸಲ ಓದಬೇಕೆಂಬುದು ನಿಯಮ. ಕಪಾಟಿನಿಂದ ತೆಗೆಯುವಾಗ, ಸಿದ್ಧಪಡಿಸುವಾಗ, ರೋಗಿಗೆ ಕೊಡುವ ಮುನ್ನ. ಡೋಪಮಿನ್, ಡೋಬ್ಯುಟಮಿನ್ ಹೀಗೆ ಕಿವಿಗೆ ಒಂದೇ ರೀತಿ ಕೇಳಿಸುವ ಹೆಸರುಗಳಿವೆ. ಕಣ್ಣಿಗೆ ಒಂದೇ ರೀತಿ ಕಾಣುವ ಆಂಪೂಲುಗಳೂ ಇವೆ. ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ನಾವು ಬಳಸುವ ಪೊಟ್ಯಾಸಿಯಂ ಕ್ಲೋರೈಡ್‌ನ ಸಾಂದ್ರ ದ್ರಾವಣ ಆಸ್ಪತ್ರೆಯಲ್ಲೂ ಔಷಧವಾಗಿ ಇರುತ್ತದೆ. ಅದೂ ಶುದ್ಧ ನೀರಿನಂತೆ ಬಣ್ಣವಿಲ್ಲದ್ದು. ತೆಳುಗೊಳಿಸದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲಬಹುದು. ಅದಕ್ಕಾಗಿಯೇ ಅದನ್ನು ಬೇರೆ ಔಷಧಗಳ ಜೊತೆ ಇಡದೆ ಪ್ರತ್ಯೇಕವಾಗಿ, ಎಚ್ಚರಿಕೆಯ ಚೀಟಿ ಅಂಟಿಸಿ ಇಡಲು ಹೇಳುತ್ತಾರೆ.

ಮೂರನೆಯದು ಪ್ರಮಾಣ. ಇಲ್ಲಿ ನಮ್ಮ ಗಣಿತ ಕೆಲಸಕ್ಕೆ ಬರುತ್ತದೆ. 10 ಕಿಲೋ ತೂಕದ ಮಗುವಿಗೆ ಜ್ವರಕ್ಕೆ 150 ಮಿಲಿಗ್ರಾಂ ಪ್ಯಾರಸಿಟಮಾಲ್ ಕೊಡಲು ವೈದ್ಯರು ಬರೆದಿದ್ದಾರೆ ಎಂದುಕೊಳ್ಳೋಣ. 5 ಮಿಲಿಲೀಟರಿಗೆ 125 ಮಿಲಿಗ್ರಾಂ ಇರುವ ಸಿರಪ್ ಆದರೆ 6 ಮಿಲಿಲೀಟರ್ ಬೇಕು. 5 ಮಿಲಿಲೀಟರಿಗೆ 250 ಮಿಲಿಗ್ರಾಂ ಇರುವ ಸಿರಪ್ ಆದರೆ 3 ಮಿಲಿಲೀಟರ್ ಸಾಕು. ಪ್ರತಿ ಮಿಲಿಲೀಟರಿಗೆ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಆದರೆ ಒಂದೂವರೆ ಮಿಲಿಲೀಟರ್ ಮಾತ್ರ. ಮೂರೂ ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಸಿಗುತ್ತವೆ. “ಕಳೆದ ಸಲ 6 ಮಿಲಿಲೀಟರ್ ಕೊಟ್ಟಿದ್ದೆವಲ್ಲ” ಎಂದು ತಾಯಿ ಈ ಸಲ ತಂದ ಡ್ರಾಪ್ಸನ್ನೂ ಅಷ್ಟೇ ಕೊಟ್ಟರೆ ಮಗುವಿಗೆ ನಾಲ್ಕು ಪಟ್ಟು ಔಷಧ ಹೋಗುತ್ತದೆ. ಯಕೃತ್ತಿಗೆ ಅದು ದೊಡ್ಡ ಅಪಾಯ.

ಇನ್ಸುಲಿನ್‌ನದ್ದೂ ಇದೇ ಕಥೆ. ನಮ್ಮ ದೇಶದಲ್ಲಿ ಬಾಟಲಿಯಲ್ಲಿ ಬರುವ ಇನ್ಸುಲಿನ್ ಹೆಚ್ಚಾಗಿ ಪ್ರತಿ ಮಿಲಿಲೀಟರಿಗೆ 40 ಯೂನಿಟ್‌ನದ್ದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪ್ರತಿ ಮಿಲಿಲೀಟರಿಗೆ 100 ಯೂನಿಟ್ ಇರುವ ಇನ್ಸುಲಿನ್‌ಗೆ ಕಿತ್ತಳೆ ಮುಚ್ಚಳದ ಸಿರಿಂಜ್. ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆ ಎಂದರೆ ಅರ್ಧ ಮಿಲಿಲೀಟರ್. ಅದರಲ್ಲಿ ತಪ್ಪಿ 100 ಯೂನಿಟ್‌ನ ಇನ್ಸುಲಿನ್ ತುಂಬಿದರೆ ಒಳಗೆ ಹೋಗುವುದು 20 ಅಲ್ಲ, 50 ಯೂನಿಟ್. ಅದಲುಬದಲಾದರೆ 20ರ ಬದಲು 8 ಯೂನಿಟ್ ಮಾತ್ರ ಹೋಗುತ್ತದೆ. ಆದ್ದರಿಂದ ಬಾಟಲಿಯ ಮೇಲಿನ ಸಂಖ್ಯೆ ಮತ್ತು ಸಿರಿಂಜಿನ ಮೇಲಿನ ಸಂಖ್ಯೆ ಒಂದೇ ಇದೆಯೇ ಎಂದು ಮನೆಯವರಿಗೂ ನೋಡಲು ಕಲಿಸಬೇಕು.

ನಾಲ್ಕನೆಯದು ಮಾರ್ಗ. ಬಾಯಿಗೋ, ಚರ್ಮದಡಿಗೋ, ಸ್ನಾಯುವಿಗೋ, ರಕ್ತನಾಳಕ್ಕೋ ಎಂಬ ಪ್ರಶ್ನೆ. ನುಂಗುವ ಮಾತ್ರೆಯಲ್ಲೂ ಇದರ ಒಂದು ಭಾಗವಿದೆ. ಕೆಲವು ಮಾತ್ರೆಗಳ ಹೆಸರಿನ ಕೊನೆಗೆ ‘ಎಸ್‌ಆರ್’, ‘ಎಕ್ಸ್‌ಆರ್’ ಎಂದಿರುತ್ತದೆ. ಅವು ಹೊಟ್ಟೆಯಲ್ಲಿ ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿದವು. ನುಂಗಲು ಕಷ್ಟವೆಂದು ಅದನ್ನು ಪುಡಿ ಮಾಡಿ ಜೇನಿನಲ್ಲಿ ಕಲಸಿ ಕೊಟ್ಟರೆ ಇಡೀ ದಿನದ ಮದ್ದು ಒಮ್ಮೆಲೇ ರಕ್ತಕ್ಕೆ ಸೇರುತ್ತದೆ.

ಐದನೆಯದು ಸಮಯ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ. ಎಂಟು ಗಂಟೆಗೊಮ್ಮೆ ಎಂದು ಬರೆದ ಆಂಟಿಬಯೋಟಿಕ್ ಎಂಟು ಗಂಟೆಗೊಮ್ಮೆಯೇ. ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಅದನ್ನು ದಿನವೂ ನುಂಗಿ ಜೀವ ಕಳೆದುಕೊಂಡವರು ಹಲವು ದೇಶಗಳಲ್ಲಿದ್ದಾರೆ. ಆದ್ದರಿಂದ “ವಾರಕ್ಕೊಮ್ಮೆ” ಎಂದಷ್ಟೇ ಹೇಳದೆ “ಪ್ರತಿ ಸೋಮವಾರ” ಎಂದು ವಾರದ ಹೆಸರು ಹಿಡಿದು ಹೇಳಲು, ಬರೆದುಕೊಡಲು ನರ್ಸ್‌ಗಳಿಗೆ ಕಲಿಸುತ್ತಾರೆ.

ಬರೆದಿಡುವುದೂ ಔಷಧದ ಭಾಗ

ಈ ಐದಕ್ಕೆ ಆರನೆಯದಾಗಿ ‘ಸರಿಯಾದ ದಾಖಲೆ’ಯನ್ನೂ ಸೇರಿಸುತ್ತಾರೆ. ಕೊಟ್ಟ ಮೇಲೆ ಬರೆಯಬೇಕು, ಕೊಡುವ ಮೊದಲೇ ಬರೆಯಬಾರದು. ಬರೆಯದಿದ್ದರೆ ಮುಂದಿನ ಪಾಳಿಯ ನರ್ಸ್, ಕೊಟ್ಟಿಲ್ಲವೆಂದು ತಿಳಿದು ಅದೇ ಮದ್ದನ್ನು ಮತ್ತೆ ಕೊಡಬಹುದು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಹೆರಿಗೆಯಾದ ಕೆಲವು ಬಾಣಂತಿಯರು ಮೃತಪಟ್ಟಾಗ ಅವರಿಗೆ ನೀಡಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಬಗ್ಗೆ ಪ್ರಶ್ನೆ ಎದ್ದದ್ದು ನಮಗೆಲ್ಲ ನೆನಪಿದೆ. ಯಾವ ರೋಗಿಗೆ ಯಾವ ಬ್ಯಾಚಿನ ಔಷಧ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ದಾಖಲೆ ಬೇಕೇ ಬೇಕು. ಔಷಧದಿಂದ ಅನಿರೀಕ್ಷಿತ ತೊಂದರೆಯಾದರೆ ಜನಸಾಮಾನ್ಯರೂ 1800-180-3024 ಎಂಬ ಉಚಿತ ಸಹಾಯವಾಣಿಗೆ ತಿಳಿಸಬಹುದು. 2010ರಲ್ಲಿ ಆರಂಭವಾದ ಭಾರತದ ಔಷಧ ನಿಗಾ ಕಾರ್ಯಕ್ರಮದ ಸಂಖ್ಯೆ ಅದು.

ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ

ದಾದಿಮಾ ಆಸ್ಪತ್ರೆಯಲ್ಲಿದ್ದ ಐದು ದಿನವೂ ಈ ‘ಸರಿ’ಗಳೆಲ್ಲ ಸರಿಯಾಗಿಯೇ ನಡೆದಿದ್ದವು. ತಪ್ಪಿದ್ದು ಮನೆಗೆ ಬಂದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧದಿಂದಾಗುವ ಹಾನಿ ತಡೆಯಲು ಜಾಗತಿಕ ಅಭಿಯಾನ ಆರಂಭಿಸಿದಾಗ ಮೂರು ಕಡೆ ವಿಶೇಷ ಗಮನ ಬೇಕೆಂದು ಗುರುತಿಸಿತು. ಅಪಾಯ ಹೆಚ್ಚಿರುವ ಔಷಧ ಮತ್ತು ಸಂದರ್ಭಗಳು, ಒಬ್ಬರೇ ಹಲವು ಔಷಧ ತೆಗೆದುಕೊಳ್ಳುವುದು, ಮತ್ತು ಆರೈಕೆ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವ ಹೊತ್ತು. ಡಿಸ್ಚಾರ್ಜ್ ಎಂದರೆ ಆ ಮೂರನೆಯ ಹೊತ್ತು. ಅಂದಿನವರೆಗೆ ತರಬೇತಿ ಪಡೆದ ನರ್ಸ್ ಮಾಡುತ್ತಿದ್ದ ಕೆಲಸವನ್ನು ಅಂದಿನಿಂದ ಎಪ್ಪತ್ತು ದಾಟಿದ, ಇಂಗ್ಲಿಷ್ ಓದಲು ಬಾರದ ಅಜ್ಜಿಯೊಬ್ಬರು ಮಾಡಬೇಕು. ಚೀಟಿಯಲ್ಲಿ ‘ಓಡಿ’, ‘ಬಿಡಿ’, ‘ಟಿಡಿಎಸ್’ ಎಂದು ಇಂಗ್ಲಿಷ್ ಅಕ್ಷರಗಳಿರುತ್ತವೆ. ದಿನಕ್ಕೆ ಒಂದು, ಎರಡು, ಮೂರು ಸಲ ಎಂಬುದು ಅವುಗಳ ಅರ್ಥ. 1-0-1 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು.

ನಮ್ಮ ಊರಿನ ಕಡೆ ಇನ್ನೊಂದು ವಿಷಯವಿದೆ. ಒಂದೇ ವಾರ್ಡಿನಲ್ಲಿ ಕುಂದಾಪ್ರ ಕನ್ನಡ, ಕೊಂಕಣಿ, ಬ್ಯಾರಿ, ಉರ್ದು, ತುಳು ಮಾತನಾಡುವವರು ಇರುತ್ತಾರೆ. ಹಿರಿಯರು ಡಾಕ್ಟರು, ನರ್ಸ್‌ಗಳ ಮುಂದೆ ಗೊತ್ತಾಗಲಿಲ್ಲ ಎನ್ನಲು ಸಂಕೋಚಪಡುತ್ತಾರೆ. ಹಾಗಾಗಿ ‘ಅರ್ಥವಾಯ್ತಾ?’ ಎಂಬ ಪ್ರಶ್ನೆಗೆ ‘ಹೂಂ’ ಎಂಬುದೇ ಉತ್ತರ. ಆ ‘ಹೂಂ’ನಿಂದ ಏನೂ ತಿಳಿಯುವುದಿಲ್ಲ.

ಇದಕ್ಕೆ ನರ್ಸಿಂಗ್‌ನಲ್ಲಿ ಕಲಿಸುವ ಉಪಾಯ ತುಂಬಾ ಸರಳ. ಹೇಳಿದ್ದನ್ನು ರೋಗಿಯ ಬಾಯಲ್ಲೇ ತಿರುಗಿ ಹೇಳಿಸುವುದು. ಆಪಾ ಹೇಳುವ ರೀತಿ ಹೀಗೆ: “ಅಜ್ಜಿ, ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡ್ಬೇಕು. ನಾಳೆ ಬೆಳಿಗ್ಗೆ ಎದ್ದು ಯಾವ ಮಾತ್ರೆ ತಗೊಳ್ತೀರಿ, ಒಮ್ಮೆ ತೋರಿಸಿ.” ತಪ್ಪಾದರೆ ಅದು ಹೇಳಿದವರ ತಪ್ಪು ಎಂಬಂತೆ ಕೇಳುವುದರಿಂದ ಅಜ್ಜಿಗೆ ಮುಜುಗರವಾಗುವುದಿಲ್ಲ. ತಪ್ಪಿದ ಕಡೆ ಇನ್ನೊಮ್ಮೆ ಬೇರೆ ಮಾತಿನಲ್ಲಿ ಹೇಳಿ, ಮತ್ತೆ ಕೇಳಬೇಕು. ಇನ್ಸುಲಿನ್ ಆದರೆ ಅವರ ಕೈಯಲ್ಲೇ ಸಿರಿಂಜ್ ಕೊಟ್ಟು ಎಳೆಸಿ ನೋಡಬೇಕು. ಅಂದು ದಾದಿಮಾರನ್ನು ಹೀಗೆ ಕೇಳಿದ್ದರೆ, “ಇದೊಂದು, ಮತ್ತೆ ಮನೆಯಲ್ಲಿರೋ ಗುಲಾಬಿ ಮಾತ್ರೆ ಒಂದು” ಎಂದು ಖಂಡಿತ ಹೇಳುತ್ತಿದ್ದರು. ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಉಪವಾಸದ ದಿನಗಳಲ್ಲಿ

ರೋಗಿಯ ದಿನಚರಿ ಕೇಳದೆ ಕೊಟ್ಟ ಸಲಹೆ ಎಷ್ಟೋ ಸಲ ಉಪಯೋಗಕ್ಕೆ ಬರುವುದಿಲ್ಲ. ‘ಮೂರು ಹೊತ್ತು ಊಟದ ನಂತರ’ ಎಂದು ಬರೆದ ಮಾತ್ರೆಯನ್ನು ರಮಝಾನ್ ತಿಂಗಳಲ್ಲಿ ಸಹರಿ, ಇಫ್ತಾರ್ ಎಂಬ ಎರಡೇ ಹೊತ್ತಿನಲ್ಲಿ ಹೇಗೆ ಹೊಂದಿಸುವುದು? ಏಕಾದಶಿ, ಶನಿವಾರದ ಉಪವಾಸ ಮಾಡುವ ಮನೆಗಳಲ್ಲೂ ಇದೇ ಪ್ರಶ್ನೆ. ಬಹಳ ಮಂದಿ ಯಾರನ್ನೂ ಕೇಳದೆ ತಾವೇ ಮಾತ್ರೆ ಬಿಡುತ್ತಾರೆ ಅಥವಾ ಎರಡು ಹೊತ್ತಿನದನ್ನು ಒಟ್ಟಿಗೆ ನುಂಗುತ್ತಾರೆ. ಮಧುಮೇಹ ಮತ್ತು ರಮಝಾನ್ ಕುರಿತ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಉಪವಾಸ ಆರಂಭವಾಗುವ ವಾರಗಳ ಮೊದಲೇ ವೈದ್ಯರನ್ನು ಕಂಡು ಮಾತ್ರೆಯ ಸಮಯ, ಪ್ರಮಾಣ ಬದಲಿಸಿಕೊಳ್ಳಬೇಕು. ಬೆರಳಿನ ಒಂದು ಹನಿ ರಕ್ತ ತೆಗೆದು ಪರೀಕ್ಷಿಸಿದರೆ ಉಪವಾಸ ಮುರಿಯುವುದಿಲ್ಲ. ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕು. “ನೀವು ಉಪವಾಸ ಮಾಡ್ತೀರಾ?” ಎಂದು ನರ್ಸ್ ಕೇಳಿದರೆ ಈ ಮಾತೆಲ್ಲ ಹೊರಬರುತ್ತದೆ. ಕೇಳದಿದ್ದರೆ ನಾವೇ ಹೇಳಬೇಕು.

ನಾವು ಏನು ಮಾಡಬಹುದು?

ಒಬ್ಬ ನರ್ಸ್ ಒಂದು ಪಾಳಿಯಲ್ಲಿ ಎಷ್ಟು ಜನರನ್ನು ನೋಡಬೇಕೆಂದು ವಾರ್ಡಿನಲ್ಲಿ ಐದು ದಿನ ಕುಳಿತ ಮೇಲೆ ನನಗೆ ಗೊತ್ತಾಗಿದೆ. ಎಲ್ಲವನ್ನೂ ಅವರ ಮೇಲೆ ಬಿಡುವುದು ನ್ಯಾಯವಲ್ಲ. ಸ್ನೇಹಿತರೇ, ನಮ್ಮ ಮನೆಗಳಲ್ಲಿ ಮಾತ್ರೆಯ ಸ್ಟ್ರಿಪ್ ಮೇಲಿನ ಸಣ್ಣ ಅಕ್ಷರ ಓದಬಲ್ಲವರು ಹೆಚ್ಚಾಗಿ ನಾವೇ. ಆದ್ದರಿಂದ:

1. ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿ ಕೊಂಡೊಯ್ಯಿರಿ. ನಾಟಿ ಮದ್ದು, ಆಯುರ್ವೇದ, ಯುನಾನಿ ಔಷಧಗಳಿದ್ದರೆ ಅವನ್ನೂ.

2. ಕಂಪನಿ ಇಟ್ಟ ಹೆಸರನ್ನಷ್ಟೇ ನೋಡಬೇಡಿ, ಒಳಗಿರುವ ಔಷಧದ ಹೆಸರನ್ನೂ ಓದಿ. ಎರಡು ಸ್ಟ್ರಿಪ್‌ನಲ್ಲಿ ಒಂದೇ ಹೆಸರು ಕಂಡರೆ ವೈದ್ಯರನ್ನೋ ಫಾರ್ಮಸಿಸ್ಟನ್ನೋ ಕೇಳಿ.

3. ಡಿಸ್ಚಾರ್ಜ್ ದಿನ ಮೂರು ಪ್ರಶ್ನೆ ಕೇಳಿ: ಹೊಸದು ಯಾವುದು? ಹಳೆಯದರಲ್ಲಿ ನಿಲ್ಲಿಸಬೇಕಾದದ್ದು ಯಾವುದು? ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು?

4. ಹಿರಿಯರಿಗೆ ಗೊತ್ತಿರುವ ಭಾಷೆಯಲ್ಲಿ, ದೊಡ್ಡ ಅಕ್ಷರದಲ್ಲಿ ಒಂದು ಹಾಳೆ ಬರೆದು ಗೋಡೆಗೆ ಅಂಟಿಸಿ. ಓದಲು ಬಾರದವರಿಗೆ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರನ ಚಿತ್ರ ಸಾಕು.

5. ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರಿಗೆ ಬೆವರು, ನಡುಕ, ಗೊಂದಲ ಕಂಡರೆ ಎಚ್ಚರವಿರುವಾಗ ಮಾತ್ರ ಸಕ್ಕರೆ ನೀರು ಕೊಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಚೇತರಿಸಿಕೊಂಡರೂ ವೈದ್ಯರಿಗೆ ತೋರಿಸಲೇಬೇಕು, ಏಕೆಂದರೆ ಮಾತ್ರೆಯ ಪ್ರಭಾವದಿಂದ ಸಕ್ಕರೆ ಮತ್ತೆ ಇಳಿಯಬಹುದು.

ನಮ್ಮಲ್ಲಿ ಹಲವರು ಮುಂದಿನ ವರ್ಷ ನರ್ಸಿಂಗ್ ಸೇರುವ ಯೋಚನೆಯಲ್ಲಿದ್ದೇವೆ. ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದ ಅಂಕ ಬೇಕು. ಆದರೆ ಎದುರಿಗಿರುವವರಿಗೆ ನಿಜವಾಗಿಯೂ ತಿಳಿಯಿತೇ ಎಂದು ತಾಳ್ಮೆಯಿಂದ ಕೇಳುವ ಅಭ್ಯಾಸವನ್ನು ಈಗಿನಿಂದಲೇ ಮನೆಯಲ್ಲಿ ಶುರು ಮಾಡಬಹುದು.

ನಮ್ಮ ಮನೆಯ ಗೋಡೆಯಲ್ಲಿ ಈಗ ಸೂರ್ಯ, ಚಂದ್ರ ಇರುವ ಹಾಳೆಯೊಂದಿದೆ. ವಾರಕ್ಕೊಮ್ಮೆ ನಾನು ದಾದಿಮಾರ ಎದುರು ಡಬ್ಬಿ ತೆರೆದು ಕೂರುತ್ತೇನೆ. ಅವರು ಒಂದೊಂದೇ ಸ್ಟ್ರಿಪ್ ಎತ್ತಿ ಯಾವುದು ಯಾವಾಗ ಎಂದು ಹೇಳುತ್ತಾರೆ. ಈ ಸಂಚಿಕೆ ಓದಿದ ದಿನ ಸಂಜೆ ನಿಮ್ಮ ಮನೆಯ ಮಾತ್ರೆ ಡಬ್ಬಿಯನ್ನೂ ಒಮ್ಮೆ ತೆರೆದು ನೋಡಿ.