ಕೂರುವ ಶಿಲ್ಪ: ನದಿ ದಂಡೆಗೆ ಕಲಾ ಬೆಂಚು ಮಾಡಿಸುವ ಬಗೆ

ನದಿ ದಂಡೆಯ ನಡಿಗೆ ದಾರಿಗೆ ಬೇಕಾದ ಬೆಂಚುಗಳನ್ನು ಕಾರ್ಖಾನೆಯಿಂದ ಸಗಟಾಗಿ ಕೊಳ್ಳುವ ಬದಲು, ಆ ಜಾಗಕ್ಕೆಂದೇ ಕಲಾವಿದರಿಂದ ಮಾಡಿಸುವ ಪದ್ಧತಿ ಜಗತ್ತಿನ ಹಲವು ನಗರಗಳಲ್ಲಿ ಬೇರೂರಿದೆ. ಇಂಥ ಬೆಂಚು ಶಿಲ್ಪವೂ ಹೌದು, ಆಸನವೂ ಹೌದು. ಗ್ಯಾಲರಿಯ ಶಿಲ್ಪವನ್ನು ಮುಟ್ಟುವಂತಿಲ್ಲ. ಇದರ ಮೇಲಾದರೋ ವೃದ್ಧರು ದಣಿವಾರಿಸಿಕೊಳ್ಳುತ್ತಾರೆ, ಮಕ್ಕಳು ಹತ್ತಿ ಕುಣಿಯುತ್ತಾರೆ. ವರ್ಷವಿಡೀ ಬಿಸಿಲು ಮಳೆ ಬೀಳುತ್ತದೆ. ನದಿ ಉಕ್ಕಿದಾಗ ನೀರೂ ಏರುತ್ತದೆ. ಹೀಗಾಗಿ ಕಲಾವಿದರ ಕಲ್ಪನೆಯಷ್ಟೇ ಮಾಡಿಸುವವರ ಪೂರ್ವಸಿದ್ಧತೆಯೂ ಇಲ್ಲಿ ಮುಖ್ಯ.

ಥೇಮ್ಸ್‌ನಿಂದ ಹಡ್ಸನ್‌ವರೆಗೆ

ಈ ಪದ್ಧತಿಯ ಹಳೆಯ, ಇಂದಿಗೂ ಬಳಕೆಯಲ್ಲಿರುವ ಉದಾಹರಣೆ ಲಂಡನ್ನಿನ ಥೇಮ್ಸ್ ದಂಡೆಯಲ್ಲಿದೆ. 1858ರ ಬೇಸಿಗೆಯಲ್ಲಿ ನದಿಗೆ ಹರಿಯುತ್ತಿದ್ದ ಊರಿನ ಕೊಳಚೆ ಎಷ್ಟು ನಾತ ಹೊಡೆಯಿತೆಂದರೆ, ದಂಡೆಯ ಮೇಲಿದ್ದ ಪಾರ್ಲಿಮೆಂಟಿನಲ್ಲಿ ಕಲಾಪ ನಡೆಸುವುದೇ ಕಷ್ಟವಾಯಿತು. ಆ ಬಳಿಕ ಎಂಜಿನಿಯರ್ ಜೋಸೆಫ್ ಬಜಾಲ್ಗೆಟ್ ನಗರಕ್ಕೆ ದೊಡ್ಡ ಒಳಚರಂಡಿ ಜಾಲ ಕಟ್ಟಿಸಿದರು. ಅದರ ಒಂದು ಕಾಲುವೆಯನ್ನು ಒಡಲಲ್ಲಿಟ್ಟುಕೊಂಡ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ಎಂಬ ದಂಡೆ ರಸ್ತೆ 1870ರಲ್ಲಿ ಜನರಿಗೆ ತೆರೆಯಿತು.

ಈ ದಾರಿಗೆ ಬೆಂಚುಗಳನ್ನು ವಿನ್ಯಾಸ ಮಾಡಿದವರು ನಗರದ ಕಾಮಗಾರಿ ಮಂಡಳಿಯ ವಾಸ್ತುಶಿಲ್ಪಿ ಜಾರ್ಜ್ ವಲಿಯಮಿ. ಕೂರಲು ಮರದ ಹಲಗೆ, ಆಸರೆಗೆ ಬೀಡು ಕಬ್ಬಿಣ. ಕೆಲವು ಬೆಂಚುಗಳ ಆಸರೆ ಮಂಡಿಯೂರಿದ ಒಂಟೆಯ ರೂಪದಲ್ಲಿದ್ದರೆ, ಇನ್ನು ಕೆಲವು ಸ್ಫಿಂಕ್ಸ್ ರೂಪದಲ್ಲಿವೆ. ಈ ಆಯ್ಕೆಗೆ ಕಾರಣವಿತ್ತು. ಈಜಿಪ್ಟಿನಿಂದ ತಂದ ‘ಕ್ಲಿಯೋಪಾತ್ರಳ ಸೂಜಿ’ ಎಂಬ ಪುರಾತನ ಗ್ರಾನೈಟ್ ಕಂಬವನ್ನು 1878ರಲ್ಲಿ ನಿಲ್ಲಿಸಿದ್ದು ಇದೇ ದಂಡೆಯ ಮೇಲೆ. ಎದುರು ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬೆಂಚುಗಳಲ್ಲಿ ಹಂಸಗಳಿವೆ. ಅಲಂಕಾರಕ್ಕಿಂತ ದೊಡ್ಡ ಜಾಣ್ಮೆ ಬೇರೆಯದು. ದಂಡೆಯ ತಡೆಗೋಡೆ ಎತ್ತರವಾಗಿರುವುದರಿಂದ ಕುಳಿತವರಿಗೆ ನೀರು ಕಾಣುತ್ತಿರಲಿಲ್ಲ. ಅದಕ್ಕಾಗಿ ಬೆಂಚುಗಳನ್ನು ಕಲ್ಲಿನ ಜಗಲಿಯ ಮೇಲೆ ಏರಿಸಿ ಕೂರಿಸಲಾಯಿತು. ಜಾಗವನ್ನು ಓದಿ ಆಸನ ರೂಪಿಸುವುದೆಂದರೆ ಇದೇ.

ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ನಗರಗಳು ಸಾರ್ವಜನಿಕ ಜಾಗಕ್ಕೆ ಕಲಾವಿದರಿಂದ ಕೃತಿ ಮಾಡಿಸುವ ಪದ್ಧತಿಗೆ ಕಾನೂನಿನ ಬಲ ಕೊಟ್ಟವು. ಸಾರ್ವಜನಿಕ ಕಟ್ಟಡ ಕಾಮಗಾರಿಯ ವೆಚ್ಚದಲ್ಲಿ ಶೇ 1ರಷ್ಟನ್ನು ಕಲೆಗೆ ಮೀಸಲಿಡುವ ನಿಯಮವನ್ನು ಫಿಲಡೆಲ್ಫಿಯಾ 1959ರಲ್ಲಿ, ಸಿಯಾಟಲ್ 1973ರಲ್ಲಿ ತಂದವು. ಸಿಯಾಟಲ್‌ನ ವಾಷಿಂಗ್ಟನ್ ಸರೋವರದ ಅಂಚಿನ ಸರ್ಕಾರಿ ಆವರಣದಲ್ಲಿ ಐವರು ಕಲಾವಿದರು ದಂಡೆಯ ದಾರಿಗೆಂದೇ ಕೃತಿಗಳನ್ನು ರಚಿಸಿದರು. ಅವರಲ್ಲೊಬ್ಬರಾದ ಸ್ಕಾಟ್ ಬರ್ಟನ್ (1939–1989) ಒರಟು ಬಂಡೆಗಳಲ್ಲಿ ಕೂರುವಷ್ಟು, ಒರಗುವಷ್ಟು ಭಾಗವನ್ನು ಮಾತ್ರ ಸಪಾಟಾಗಿ ಕತ್ತರಿಸಿ ಆಸನಗಳನ್ನು ಮಾಡಿದರು. ಹಿಂದಿನಿಂದ ನೋಡಿದವರಿಗೆ ಬಂಡೆ, ಮುಂದಿನಿಂದ ಬಂದವರಿಗೆ ಕುರ್ಚಿ.

ನ್ಯೂಯಾರ್ಕಿನ ಹಡ್ಸನ್ ನದಿಯ ಅಂಚಿನಲ್ಲಿ ಮಣ್ಣು ತುಂಬಿ ಕಟ್ಟಿದ ಬ್ಯಾಟರಿ ಪಾರ್ಕ್ ಸಿಟಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1980ರ ದಶಕದಲ್ಲಿ ಅಲ್ಲಿನ ಸೌತ್ ಕೋವ್ ಎಂಬ ದಂಡೆಯನ್ನು ಕಲಾವಿದೆ ಮೇರಿ ಮಿಸ್, ವಾಸ್ತುಶಿಲ್ಪಿ ಸ್ಟ್ಯಾಂಟನ್ ಎಕ್‌ಸ್ಟಟ್ ಮತ್ತು ಉದ್ಯಾನ ವಿನ್ಯಾಸಕಿ ಸೂಸನ್ ಚೈಲ್ಡ್ ಜತೆಗೂಡಿ ರೂಪಿಸಿದರು. ದಾರಿ ಕಟ್ಟಿ ಮುಗಿದ ಮೇಲೆ ಕಲಾವಿದರನ್ನು ಕರೆಯುವ ಬದಲು ನಕ್ಷೆಯ ಹಂತದಲ್ಲೇ ಕರೆದದ್ದು ಈ ಪ್ರಯೋಗದ ಹೆಚ್ಚುಗಾರಿಕೆ. ಬೆಂಚಿನ ತಳಪಾಯ, ನೆರಳು, ದೀಪ, ನೀರಿನ ಕಡೆಗಿನ ನೋಟ ಎಲ್ಲವೂ ಆಗ ಒಟ್ಟಿಗೆ ನಿರ್ಧಾರವಾಗುತ್ತವೆ.

ಆಹ್ವಾನದಿಂದ ಕರಾರಿನವರೆಗೆ

ಕಲಾ ಬೆಂಚು ಮಾಡಿಸುವ ಮೊದಲ ಕೆಲಸ ಬೇಡಿಕೆಯನ್ನು ಬರವಣಿಗೆಯಲ್ಲಿ ಇಳಿಸುವುದು. ಎಷ್ಟು ಬೆಂಚು, ಎಲ್ಲೆಲ್ಲಿ, ಒಟ್ಟು ಹಣ ಎಷ್ಟು, ಆ ಜಾಗಕ್ಕೆ ನೆರೆ ಎಷ್ಟು ಎತ್ತರ ಬರುತ್ತದೆ, ಮುಂದೆ ನೋಡಿಕೊಳ್ಳುವವರು ಯಾರು ಎಂಬುದೆಲ್ಲ ಅದರಲ್ಲಿ ಇರಬೇಕು. ಆಮೇಲೆ ಕಲಾವಿದರಿಗೆ ಬಹಿರಂಗ ಆಹ್ವಾನ. ಕಡಿಮೆ ಬೆಲೆ ಕೂಗಿದವರಿಗೆ ಕೆಲಸ ಕೊಡುವ ಟೆಂಡರ್ ಕ್ರಮ ಇಲ್ಲಿ ಹೊಂದದು. ಹಣದ ಮಿತಿಯನ್ನು ಮೊದಲೇ ಹೇಳಿ, ಹಿಂದಿನ ಕೆಲಸ ನೋಡಿ, ಕೆಲವರನ್ನು ಮಾತ್ರ ಮುಂದಿನ ಸುತ್ತಿಗೆ ಕರೆಯುವುದು ಒಳ್ಳೆಯ ಕ್ರಮ. ಆ ಕೆಲವರು ಸ್ಥಳ ನೋಡಿ, ಊರಿನವರೊಂದಿಗೆ ಮಾತಾಡಿ, ಚಿಕ್ಕ ಮಾದರಿ ಮಾಡಿ ತರುತ್ತಾರೆ. ಈ ಶ್ರಮಕ್ಕೆ ಸಂಭಾವನೆ ಕೊಡುವುದು ನ್ಯಾಯ. ಆಯ್ಕೆ ಸಮಿತಿಯಲ್ಲಿ ಕಲಾವಿದರು, ಎಂಜಿನಿಯರು ಮತ್ತು ಆ ದಾರಿಯಲ್ಲಿ ದಿನವೂ ನಡೆಯುವವರು ಮೂವರೂ ಇರಬೇಕು.

ಆಯ್ಕೆಯಾದ ವಿನ್ಯಾಸವನ್ನು ಎಂಜಿನಿಯರು ಪರಿಶೀಲಿಸಿ ಒಪ್ಪಿದ ಮೇಲೆ ಕರಾರು. ಹಣವನ್ನು ಹಂತ ಹಂತವಾಗಿ ಕೊಡುವುದು ರೂಢಿ: ಅಂತಿಮ ನಕ್ಷೆಗೆ ಒಂದು ಭಾಗ, ತಯಾರಿಕೆಯ ನಡುವೆ ಒಂದು, ಸ್ಥಳದಲ್ಲಿ ಕೂರಿಸಿದ ಮೇಲೆ ಉಳಿದದ್ದು. ಸಾಗಣೆ, ತಳಪಾಯ, ವಿಮೆಯ ಖರ್ಚು ಯಾರದ್ದೆಂದು ಕರಾರಿನಲ್ಲೇ ಬರೆಯದಿದ್ದರೆ ಜಗಳ ಖಂಡಿತ.

ಅಳತೆ, ವಸ್ತು, ತಳಪಾಯ

ಎಷ್ಟೇ ಚೆಲುವಾಗಿದ್ದರೂ ಕೂರಲಾಗದ ಬೆಂಚು ಸೋತ ಬೆಂಚು. ಅಂಗವಿಕಲರ ಅನುಕೂಲಕ್ಕಾಗಿ ಅಮೆರಿಕ 2010ರಲ್ಲಿ ಪರಿಷ್ಕರಿಸಿದ ಮಾನದಂಡದಂತೆ ಆಸನ ನೆಲದಿಂದ ಸುಮಾರು 43ರಿಂದ 48 ಸೆಂ.ಮೀ. ಎತ್ತರದಲ್ಲಿರಬೇಕು. ಅದಕ್ಕಿಂತ ತಗ್ಗಾದರೆ ಮಂಡಿ ನೋವಿರುವವರು ಏಳಲು ಒದ್ದಾಡುತ್ತಾರೆ. ಎದ್ದೇಳುವಾಗ ಊರಲು ಕೈಯಾಸರೆ, ಬೆನ್ನಿಗೆ ಒರಗು, ಪಕ್ಕದಲ್ಲಿ ಗಾಲಿಕುರ್ಚಿ ನಿಲ್ಲುವಷ್ಟು ಸಮತಟ್ಟು ಜಾಗ ಇವನ್ನು ಮೊದಲೇ ಷರತ್ತಾಗಿ ಹೇಳಿದರೆ, ನುರಿತ ಕಲಾವಿದರು ಅವನ್ನೇ ರೂಪದ ಭಾಗವಾಗಿಸುತ್ತಾರೆ.

ವಸ್ತುವಿನ ಆಯ್ಕೆಯನ್ನು ಹವೆ ನಿರ್ಧರಿಸುತ್ತದೆ. ಉಕ್ಕು ಬಿಸಿಲಿಗೆ ಕಾದು ಕೂರಲಾಗದಂತಾಗುತ್ತದೆ. ಮರ ಹಿತವಾದರೂ ನೀರು ನಿಂತರೆ ಕೊಳೆಯುತ್ತದೆ. ಹಲಗೆಗಳ ನಡುವೆ ಸಂದು ಬಿಟ್ಟು, ಒಂದೊಂದನ್ನೇ ಬದಲಿಸುವಂತೆ ಜೋಡಿಸಬೇಕು. ಗ್ರಾನೈಟ್ ತಲೆಮಾರುಗಳ ಕಾಲ ಬಾಳುತ್ತದೆ, ಆದರೆ ಅದಕ್ಕೆ ಮರದ ನೆರಳು ಬೇಕು. ಸಾದರಹಳ್ಳಿಯ ಬೂದುಗಲ್ಲು, ಇಳಕಲ್ಲಿನ ಕೆಂಪುಗಲ್ಲು ಸಿಗುವ ಕರ್ನಾಟಕಕ್ಕೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಸಿಮೆಂಟಿನ ಮೇಲೆ ಬಣ್ಣದ ಹಂಚಿನ ಚೂರು ಕೂರಿಸುವ ಮೊಸಾಯಿಕ್ ಕೆಲಸದಲ್ಲಿ ಊರಿನ ಶಾಲೆಯ ಮಕ್ಕಳೂ ಕೈಜೋಡಿಸಬಹುದು.

ದಂಡೆಯ ಬೆಂಚಿಗೆ ನೆರೆಯೇ ದೊಡ್ಡ ಪರೀಕ್ಷೆ. ಹರಿವ ನೀರು ತಳ್ಳುವುದಲ್ಲದೆ, ತೇಲಿ ಬರುವ ದಿಮ್ಮಿಗಳು ಬಡಿಯುತ್ತವೆ, ಬುಡದ ಮಣ್ಣು ಕೊಚ್ಚಿ ಹೋಗುತ್ತದೆ. ಹಾಗಾಗಿ ಆಳದ ಕಾಂಕ್ರೀಟ್ ತಳಪಾಯ, ತುಕ್ಕು ಹಿಡಿಯದ ಬೋಲ್ಟು, ಕೆಸರು ಸುಲಭವಾಗಿ ತೊಳೆದು ಹೋಗುವ ಬಿಡುವಾದ ರೂಪ ಬೇಕು.

ನಿರ್ವಹಣೆ ಮತ್ತು ಹಕ್ಕು

ಬೆಂಚು ಕೂರಿಸಿದ ದಿನ ಕಲಾವಿದರು ನಿರ್ವಹಣಾ ಕೈಪಿಡಿಯನ್ನೂ ಒಪ್ಪಿಸಬೇಕು. ಯಾವ ಎಣ್ಣೆ, ಯಾವ ಬಣ್ಣ, ಎಷ್ಟು ಕಾಲಕ್ಕೊಮ್ಮೆ, ಮುರಿದರೆ ದುರಸ್ತಿ ಹೇಗೆ ಎಂಬುದು ಅದರಲ್ಲಿರುತ್ತದೆ. ಇದಕ್ಕೆ ಬೇಕಾದ ಹಣವನ್ನು ಮೊದಲೇ ತೆಗೆದಿಡುವುದು ವಿವೇಕ.

ಕೃತಿ ಊರಿನದಾದರೂ ಅದರ ಮೇಲೆ ಕಲಾವಿದರ ಹಕ್ಕು ಉಳಿಯುತ್ತದೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 57ನೇ ಕಲಂ, ಕರ್ತೃವಿನ ಗೌರವಕ್ಕೆ ಕುಂದು ತರುವಂತೆ ಕೃತಿಯನ್ನು ವಿರೂಪಗೊಳಿಸುವುದರ ವಿರುದ್ಧ ರಕ್ಷಣೆ ಕೊಡುತ್ತದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಿಂದ ಕಿತ್ತು ಹಾಳುಗೆಡವಲಾದ ಕಂಚಿನ ಉಬ್ಬುಶಿಲ್ಪದ ಪ್ರಕರಣದಲ್ಲಿ, ದೆಹಲಿ ಹೈಕೋರ್ಟ್ 2005ರಲ್ಲಿ ಶಿಲ್ಪಿ ಅಮರನಾಥ್ ಸೆಹಗಲ್ ಅವರ ಪರ ತೀರ್ಪು ನೀಡಿ, ಅವಶೇಷಗಳನ್ನು ಅವರಿಗೇ ಮರಳಿಸುವಂತೆಯೂ ಪರಿಹಾರ ಕೊಡುವಂತೆಯೂ ಹೇಳಿತು. ದಾರಿ ಅಗಲಿಸುವಾಗಲೋ ಸೇತುವೆ ಕಟ್ಟುವಾಗಲೋ ಬೆಂಚನ್ನು ಸ್ಥಳಾಂತರಿಸಬೇಕಾದರೆ ಕಲಾವಿದರಿಗೆ ತಿಳಿಸುವ ಕ್ರಮ, ದುರಸ್ತಿಗೆ ಮೀರಿ ಹಾಳಾದರೆ ತೆಗೆಯುವ ಕ್ರಮ ಇವೆರಡನ್ನೂ ಕರಾರಿನಲ್ಲಿ ಮೊದಲೇ ಬರೆದಿಡುವುದು ಮಾಡಿಸುವವರ ಕರ್ತವ್ಯ.