ಹದಿಹರೆಯದ ಹಾಡೂ ಅಳತೆಯ ಶೂನ್ಯದೋಷವೂ

ಭೌತವಿಜ್ಞಾನದ ಪ್ರಯೋಗಶಾಲೆಯನ್ನು ಹೊಕ್ಕ ವಿದ್ಯಾರ್ಥಿಗೆ ಮೊತ್ತಮೊದಲು ಹೇಳಿಕೊಡುವ ಪಾಠಗಳಲ್ಲಿ ಒಂದುಂಟು. ಸ್ಕ್ರೂಗೇಜನ್ನು ಕೈಗೆತ್ತಿಕೊಂಡೊಡನೆ ತಂತಿಯ ದಪ್ಪವನ್ನು ಅಳೆಯಲು ಹೊರಡಬಾರದು. ಮೊದಲು ನಡುವೆ ಏನನ್ನೂ ಇಡದೆ ಅದನ್ನು ಮುಚ್ಚಿ, ಅದು ಸೊನ್ನೆಯನ್ನು ತೋರುವುದೋ ಇಲ್ಲವೋ ನೋಡಬೇಕು. ತೋರದಿದ್ದರೆ ಅದು ಉಪಕರಣದ ಶೂನ್ಯದೋಷ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬರೆದ ಅಂಕಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ತಂತಿಯ ನಿಜವಾದ ದಪ್ಪವಲ್ಲ. ಅದರಲ್ಲಿ ಉಪಕರಣದ ದೋಷವೂ ಬೆರೆತಿರುತ್ತದೆ.

ವರ್ಷವರ್ಷವೂ ಈ ಪಾಠವನ್ನು ಹೇಳುವ ನಾನೇ ಒಮ್ಮೆ ಅದನ್ನು ಮರೆತೆ. ಸಾನೋಮೀಟರಿನ ಮುಂದೆ ಶ್ರುತಿಕವೆ ಹಿಡಿದು ನಿಂತಿದ್ದ ವಿದ್ಯಾರ್ಥಿಯೊಬ್ಬ ಹೊಸ ಚಲನಚಿತ್ರದ ಹಾಡೊಂದನ್ನು ಗುನುಗುತ್ತಿದ್ದ. “ಇದೂ ಒಂದು ಹಾಡೇನಯ್ಯ! ಹಾಡೆಂದರೆ ನಮ್ಮ ಕಾಲದಲ್ಲಿತ್ತು” ಎಂದೆ. ಆತ ವಿನಯದಿಂದಲೇ, “ಸರ್, ಶೂನ್ಯದೋಷ ನೋಡಿದಿರಾ?” ಎಂದ. ಪ್ರಯೋಗಶಾಲೆಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಪ್ರಶ್ನೆ ಮಾತ್ರ ಮನಸ್ಸಿನಲ್ಲಿ ನಿಂತಿತು.

ನನ್ನ ಕಾಲವೆಂದರೆ ‘ಮುಂಗಾರು ಮಳೆ’ಯ ಕಾಲ. 2006ರ ಡಿಸೆಂಬರ್ 29ರಂದು ಆ ಚಿತ್ರ ತೆರೆಕಂಡಾಗ ನಾನು ಪಿ.ಯು.ಸಿ. ವಿದ್ಯಾರ್ಥಿ. ಮನೋಮೂರ್ತಿಯವರ ಸಂಗೀತದ ಆ ಹಾಡುಗಳು ಬಸ್ಸಿನಲ್ಲಿ, ಹೋಟೆಲಿನಲ್ಲಿ, ಗೆಳೆಯರ ಮೊಬೈಲ್ ಫೋನುಗಳಲ್ಲಿ ತಿಂಗಳುಗಟ್ಟಲೆ ಮೊಳಗಿದವು. ಇಂದಿಗೂ ಅವುಗಳಲ್ಲಿ ಒಂದರ ಆರಂಭದ ನಾದ ಕಿವಿಗೆ ಬಿದ್ದರೆ ಸಾಕು, ನಾನು ಮೂವತ್ತೈದು ದಾಟಿದ ಅಧ್ಯಾಪಕನಲ್ಲ. ಪುಸ್ತಕಗಳನ್ನು ಎದೆಗವಚಿಕೊಂಡು ಬಸ್ಸಿಗೆ ಕಾದು ನಿಂತ ಹುಡುಗ. ಆದರೆ ಅಂದು ನಮ್ಮ ತಂದೆಯವರು “ಇದೂ ಒಂದು ಹಾಡೇ!” ಎಂದು ರೇಡಿಯೋದ ಧ್ವನಿಯನ್ನು ತಗ್ಗಿಸುತ್ತಿದ್ದರು. ಅವರ ಪಾಲಿಗೆ ಹಾಡೆಂದರೆ 1974ರ ‘ಎರಡು ಕನಸು’, ಸಂಗೀತವೆಂದರೆ ರಾಜನ್–ನಾಗೇಂದ್ರ.

ಒಂದೇ ದೂರು, ಎರಡು ತಲೆಮಾರು. ಒಂದೋ, ಸಂಗೀತವು ತಲೆಮಾರಿನಿಂದ ತಲೆಮಾರಿಗೆ ಕೆಡುತ್ತ ಬಂದಿರಬೇಕು. ಇಲ್ಲವೇ, ಅಳೆಯುವವರ ಕಿವಿಯಲ್ಲಿಯೇ ಏನೋ ವಿಶೇಷವಿರಬೇಕು. ಇವೆರಡರಲ್ಲಿ ಯಾವುದು ನಿಜ?

ಸುವರ್ಣಯುಗದ ಕಥೆ

ಚಲನಚಿತ್ರ ಸಂಗೀತಕ್ಕೆ ಸುವರ್ಣಯುಗವೊಂದಿದ್ದರೆ ಅದು 1950ರ ದಶಕವೆಂದು ಹಿಂದೀ ಗೀತೆಗಳ ಅಭಿಮಾನಿಗಳು ಹೇಳುವುದುಂಟು. ಆದರೆ ಆ ಗೀತೆಗಳು ಹೊಸದಾಗಿದ್ದಾಗ ಅವುಗಳಿಗೆ ದೊರೆತ ಮರ್ಯಾದೆ ಎಂಥದು? 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ. ವಿ. ಕೇಸ್ಕರ್ ಅವರು ಶಾಸ್ತ್ರೀಯ ಸಂಗೀತದ ಪಕ್ಷಪಾತಿಗಳು. ಚಲನಚಿತ್ರಗೀತೆ ಜನರ ಅಭಿರುಚಿಯನ್ನು ಕೆಡಿಸುವುದೆಂದು ಅವರು ಬಗೆದರು. ಆಕಾಶವಾಣಿಯಲ್ಲಿ ಅದಕ್ಕಿದ್ದ ಸ್ಥಾನ ಕುಗ್ಗಿತು. ಕೇಳುಗರು ಸುಮ್ಮನಿರಲಿಲ್ಲ, ರೇಡಿಯೋದ ಮುಳ್ಳನ್ನು ಸಿಲೋನಿನ ಕಡೆಗೆ ತಿರುಗಿಸಿದರು. ಅದೇ ವರ್ಷದ ಕೊನೆಯಲ್ಲಿ ಅಲ್ಲಿಂದ ಆರಂಭವಾದ, ಅಮೀನ್ ಸಯಾನಿಯವರು ನಡೆಸಿಕೊಟ್ಟ ‘ಬಿನಾಕಾ ಗೀತಮಾಲಾ’ ಮನೆಮಾತಾಯಿತು. ಕಡೆಗೆ 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ‘ವಿವಿಧ ಭಾರತಿ’ಯನ್ನು ತೆರೆಯಬೇಕಾಯಿತು.

ಅಂದು ಹಿರಿಯರಿಗೆ ಕೀಳಾಗಿ ತೋರಿದ್ದು ಇಂದಿನ ಹಿರಿಯರಿಗೆ ಚಿನ್ನವಾಗಿದೆ. ಹಾಡುಗಳು ಬದಲಾಗಲಿಲ್ಲ, ಅವುಗಳನ್ನು ಹದಿನೈದನೆಯ ವಯಸ್ಸಿನಲ್ಲಿ ಕೇಳಿದವರು ಅಜ್ಜಂದಿರಾದರು, ಅಷ್ಟೆ.

ರೋಗವೆನಿಸಿದ್ದ ಹಂಬಲ

ಕಳೆದುದಕ್ಕಾಗಿ ಮರುಗುವುದನ್ನು ಕನ್ನಡದಲ್ಲಿ ಹಳಹಳಿಕೆ ಎನ್ನುತ್ತೇವೆ. ಯೂರೋಪಿನ ಭಾಷೆಗಳಲ್ಲಿ ಇದಕ್ಕಿರುವ ‘ನಾಸ್ಟಾಲ್ಜಿಯಾ’ ಎಂಬ ಹೆಸರನ್ನು ಸೃಷ್ಟಿಸಿದವನು ಕವಿಯಲ್ಲ, ವೈದ್ಯ. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಯೋಹಾನೆಸ್ ಹೋಫರ್ ಎಂಬಾತ ತನ್ನ ವೈದ್ಯಕೀಯ ಪ್ರಬಂಧದಲ್ಲಿ, ಮರಳಿ ಮನೆ ಸೇರುವುದು ಮತ್ತು ನೋವು ಎಂಬ ಅರ್ಥದ ಎರಡು ಗ್ರೀಕ್ ಶಬ್ದಗಳನ್ನು ಕೂಡಿಸಿ ಈ ಪದವನ್ನು ಕಟ್ಟಿದ. ಅವನ ದೃಷ್ಟಿಯಲ್ಲಿ ಅದು ಪರನಾಡಿನಲ್ಲಿದ್ದವರನ್ನು ಕಾಡುವ ಒಂದು ರೋಗ.

ಈ ರೋಗಕ್ಕೂ ಸಂಗೀತಕ್ಕೂ ಇರುವ ನಂಟನ್ನು 1768ರ ತನ್ನ ಸಂಗೀತಕೋಶದಲ್ಲಿ ರೂಸೋ ವಿವರಿಸಿದ್ದಾನೆ. ಹೊರನಾಡುಗಳ ದಂಡಿನಲ್ಲಿದ್ದ ಸ್ವಿಸ್ ಸೈನಿಕರು ತಮ್ಮ ಬೆಟ್ಟದ ದನಗಾಹಿಗಳ ರಾಗವೊಂದನ್ನು ಕೇಳಿದರೆ ಕಣ್ಣೀರಿಟ್ಟು ದಂಡನ್ನು ಬಿಟ್ಟೋಡುತ್ತಿದ್ದರೆಂದೂ, ಅದಕ್ಕಾಗಿ ಆ ರಾಗವನ್ನು ನುಡಿಸಕೂಡದೆಂದು ಕಟ್ಟಪ್ಪಣೆಯಿತ್ತೆಂದೂ ಆತ ಬರೆಯುತ್ತಾನೆ. ಆ ಬಳಿಕ ಅವನು ಹೇಳುವ ಮಾತು ವಿಜ್ಞಾನಿಗೆ ತಕ್ಕುದು: ಅದೇ ರಾಗವು ಪರದೇಶೀಯರ ಮೇಲೆ ಅಂಥ ಪರಿಣಾಮವನ್ನು ಉಂಟುಮಾಡದು, ಆದುದರಿಂದ ಶಕ್ತಿಯಿರುವುದು ರಾಗದಲ್ಲಲ್ಲ, ಅದು ಎಬ್ಬಿಸುವ ನೆನಪಿನಲ್ಲಿ.

ಉಬ್ಬಿದ ರೇಖೆ

ನೆನಪನ್ನು ಅಳೆಯಲು ಮೊದಲು ಯತ್ನಿಸಿದವರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಒಬ್ಬ. 1879ರಲ್ಲಿ ಆತ ಕೆಲವು ಪದಗಳನ್ನು ಒಂದೊಂದಾಗಿ ನೋಡಿ, ಪ್ರತಿಯೊಂದೂ ತನ್ನ ಮನಸ್ಸಿಗೆ ತಂದ ನೆನಪನ್ನು ಬರೆದಿಟ್ಟ. ಅವುಗಳಲ್ಲಿ ಬಹಳಷ್ಟು ಬಾಲ್ಯ ಯೌವನಗಳವಾಗಿದ್ದವು. 1986ರಲ್ಲಿ ರೂಬಿನ್, ವೆಟ್ಜ್ಲರ್, ನೆಬೆಸ್ ಎಂಬ ಅಮೆರಿಕದ ವಿದ್ವಾಂಸರು ಇಂಥ ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನಕ್ಷೆಯಾಗಿ ಬರೆದರು. ನಡುವಯಸ್ಸನ್ನು ದಾಟಿದವರ ನೆನಪಿನ ರೇಖೆಯು ಹಿಂದಕ್ಕೆ ಹೋದಂತೆ ಸಮನಾಗಿ ಇಳಿಯದೆ, ಹತ್ತರಿಂದ ಮೂವತ್ತರವರೆಗಿನ ವಯಸ್ಸಿಗೆ ಸಂಬಂಧಿಸಿದ ಕಡೆ ಉಬ್ಬಿ ನಿಂತಿತು. ಇದಕ್ಕೆ ಸ್ಮೃತಿಯ ಉಬ್ಬು ಎನ್ನಬಹುದು.

ಹಾಡುಗಳ ವಿಷಯದಲ್ಲಿಯೂ ಹೀಗೆಯೇ. 1989ರಲ್ಲಿ ಹಾಲ್‌ಬ್ರೂಕ್ ಮತ್ತು ಶಿಂಡ್ಲರ್ ಎಂಬವರು 1932ರಿಂದ 1986ರವರೆಗಿನ 28 ಜನಪ್ರಿಯ ಗೀತೆಗಳನ್ನು ನಾನಾ ವಯಸ್ಸಿನವರಿಗೆ ಕೇಳಿಸಿ, ಇಷ್ಟವಾದುದಕ್ಕೆ ಅಂಕ ಕೊಡಿಸಿದರು. ಕೇಳುಗನಿಗೆ ಸುಮಾರು ಇಪ್ಪತ್ತನಾಲ್ಕು ವರ್ಷವಾಗಿದ್ದಾಗ ಬಂದ ಹಾಡಿಗೆ ಮೆಚ್ಚಿಕೆ ಶಿಖರವನ್ನು ಮುಟ್ಟಿತು. 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 18ರಿಂದ 82 ವರ್ಷದ 470 ಮಂದಿಗೆ 1950–2015ರ ನಡುವಣ 111 ಹಾಡುಗಳನ್ನು ಕುರಿತು, ಅವು ಸ್ವಂತ ಬಾಳಿನ ನೆನಪನ್ನು ಎಷ್ಟು ತರುತ್ತವೆಂದು ಕೇಳಲಾಯಿತು. ಇಲ್ಲಿ ಶಿಖರವಿದ್ದುದು ಸುಮಾರು ಹದಿನಾಲ್ಕನೆಯ ವಯಸ್ಸಿನಲ್ಲಿ. ಎರಡು ಅಂಕಿಗಳು ಬೇರೆಯಾಗಿರುವುದು ಸಹಜ. ಒಂದು ಅಳೆದದ್ದು ಮೆಚ್ಚಿಕೆಯನ್ನು, ಮತ್ತೊಂದು ನೆನಪನ್ನು. ಎರಡೂ ಯೌವನದ ಸುತ್ತಲೇ ಇವೆ ಎಂಬುದು ಗಮನಾರ್ಹ.

ಹೀಗೇಕೆ? ಒಂದೇ ಕಾರಣವನ್ನು ಹೇಳುವಂತಿಲ್ಲ. ಮೊದಲ ಗೆಳೆತನ, ಮೊದಲ ಸೋಲು, ಮನೆಯಿಂದ ಮೊದಲ ಅಗಲಿಕೆ, ‘ನಾನು ಯಾರು’ ಎಂಬ ಮೊದಲ ಪ್ರಶ್ನೆ, ಎಲ್ಲವೂ ಬಹುಮಟ್ಟಿಗೆ ಆ ವಯಸ್ಸಿನವು. ಮೊದಲನೆಯದು ಮನಸ್ಸಿನಲ್ಲಿ ಆಳವಾಗಿ ಅಚ್ಚೊತ್ತುತ್ತದೆ. ಅಂದು ಹಾಡನ್ನು ಒಮ್ಮೆಯಲ್ಲ, ನೂರು ಸಲ ಕೇಳುತ್ತೇವೆ. ಪದೇ ಪದೇ ಎದುರಾದುದರ ಮೇಲೆ ಅಕ್ಕರೆ ಬೆಳೆಯುವುದೆಂದು 1968ರಲ್ಲಿ ರಾಬರ್ಟ್ ಝಾಯಾಂಕ್ ತೋರಿಸಿದರು.

ಮಿದುಳಿನ ಪಾತ್ರವೂ ಉಂಟು. ಕೆನಡಾದ ಮಾಂಟ್ರಿಯಲ್‌ನಲ್ಲಿ ಸಲೀಮ್‌ಪೂರ್ ಮತ್ತು ಸಂಗಡಿಗರು ಪಾಸಿಟ್ರಾನ್‌ಗಳ ನೆರವಿನಿಂದ ಮಿದುಳಿನ ಚಿತ್ರ ತೆಗೆಯುವ ವಿಧಾನವನ್ನು ಬಳಸಿ ನಡೆಸಿದ, 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೆಚ್ಚಿನ ಸಂಗೀತದಿಂದ ಮೈ ಜುಮ್ಮೆಂದಾಗ ಮಿದುಳಿನ ಆಳದ ಸ್ಟ್ರಯೇಟಮ್ ಎಂಬ ಭಾಗದಲ್ಲಿ ಡೋಪಮೀನ್ ಎಂಬ ರಾಸಾಯನಿಕ ಸ್ರವಿಸುವುದು ಕಂಡುಬಂದಿತು. ಸ್ವಾರಸ್ಯವೆಂದರೆ, ಆ ಕ್ಷಣ ಬರುವುದಕ್ಕೆ ಮುನ್ನವೇ, ‘ಇದೋ ಬಂತು’ ಎಂಬ ನಿರೀಕ್ಷೆಯಲ್ಲಿಯೂ ಅದು ಸ್ರವಿಸಿತು. ಪರಿಚಿತ ಹಾಡಿನಲ್ಲಿ ಮಾತ್ರವೇ ಮುಂದಿನ ತಿರುವನ್ನು ಹೀಗೆ ಖಚಿತವಾಗಿ ಎದುರುನೋಡಬಹುದಲ್ಲವೆ?

ತಂತಿಯನ್ನೂ ಅಳೆಯಬೇಡವೆ?

ಎಲ್ಲವೂ ಕಿವಿಯ ದೋಷವೇ, ಹಾಡುಗಳಲ್ಲಿ ವ್ಯತ್ಯಾಸವೇ ಇಲ್ಲವೆ ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸ್ಪೇನಿನ ಜೋನ್ ಸೆರಾ ಮತ್ತು ಸಂಗಡಿಗರು 1955ರಿಂದ 2010ರವರೆಗಿನ 4,64,411 ಪಾಶ್ಚಾತ್ಯ ಜನಪ್ರಿಯ ಧ್ವನಿಮುದ್ರಣಗಳನ್ನು ಗಣಕಯಂತ್ರದಿಂದ ಪರೀಕ್ಷಿಸಿ 2012ರಲ್ಲಿ ವರದಿ ಮಾಡಿದರು. ವರ್ಷಗಳು ಕಳೆದಂತೆ ಧ್ವನಿಯ ಅಬ್ಬರ ಏರಿತ್ತು. ನಾದಗುಣಗಳ ವೈವಿಧ್ಯವೂ ಸ್ವರದಿಂದ ಸ್ವರಕ್ಕೆ ಸಾಗುವ ಬಗೆಗಳೂ ಕಡಿಮೆಯಾಗಿದ್ದವು. ಎಂದರೆ ದೂರಿನಲ್ಲಿ ಒಂದಿಷ್ಟು ಹುರುಳಿದೆ. ಆದರೆ ವೈವಿಧ್ಯ ಬೇರೆ, ಸೌಂದರ್ಯ ಬೇರೆ. ನಾಲ್ಕೇ ಸ್ವರಗಳ ಜೋಗುಳವೂ ಸುಂದರವಾಗಿರಬಲ್ಲದು. ಇನ್ನೊಂದು ಮಾತು: ಹಳೆಯ ಕಾಲದ ಕೆಟ್ಟ ಹಾಡುಗಳನ್ನು ಕಾಲವೇ ಜರಡಿ ಹಿಡಿದು ಕಳೆದಿದೆ. ಆಯ್ದುಳಿದ ಹಳೆಯದನ್ನು ಆಯದ ಹೊಸದರೊಡನೆ ತೂಗುವುದು ಸರಿಯಾದ ಪ್ರಯೋಗವಲ್ಲ.

ದೋಷವೋ, ಆಸ್ತಿಯೋ?

2013ರಲ್ಲಿ ಕ್ರಮ್‌ಹ್ಯಾನ್ಸಲ್ ಮತ್ತು ಝುಪ್ನಿಕ್ ಎಂಬ ಅಮೆರಿಕದ ಸಂಶೋಧಕರು ಇಪ್ಪತ್ತರ ಆಸುಪಾಸಿನ ಕಾಲೇಜು ವಿದ್ಯಾರ್ಥಿಗಳಿಗೆ 1955ರಿಂದ 2009ರವರೆಗಿನ ಜನಪ್ರಿಯ ಗೀತೆಗಳನ್ನು ಕೇಳಿಸಿದರು. ತಮ್ಮ ಕಾಲದ ಹಾಡುಗಳ ಜೊತೆಗೆ, ತಾವು ಹುಟ್ಟುವ ಮುನ್ನ ತಂದೆತಾಯಿಗಳು ಹರೆಯದಲ್ಲಿದ್ದಾಗ ಬಂದ ಹಾಡುಗಳಿಗೂ ಆ ವಿದ್ಯಾರ್ಥಿಗಳಲ್ಲಿ ನೆನಪಿನ ಉಬ್ಬು ಇತ್ತು! ಇದನ್ನು ಓದಿದಾಗ ನನಗೆ ಹೊಳೆಯಿತು: ‘ಎರಡು ಕನಸು’ ಚಿತ್ರದ ಹಾಡುಗಳು ನನಗೂ ಬಾಯಿಪಾಠ. ನಾನು ಅವನ್ನು ಕಲಿಯಲಿಲ್ಲ. ಭಾನುವಾರ ಬೆಳಗ್ಗೆ ತಂದೆಯವರು ಗಡ್ಡ ಕೆರೆದುಕೊಳ್ಳುತ್ತ ಗುನುಗುತ್ತಿದ್ದುದು ತಾನಾಗಿ ಇಳಿದು ಬಂದಿತು.

ನನ್ನ ಸೋದರತ್ತೆಯವರು ಕೊನೆಯ ವರ್ಷಗಳಲ್ಲಿ ಮರೆವಿನ ರೋಗಕ್ಕೆ ತುತ್ತಾದರು. ನನ್ನ ಹೆಸರು ಅವರಿಗೆ ಮರೆತಿತ್ತು. ಆದರೆ ಅವರ ಹುಡುಗಿತನದ ಚಿತ್ರಗೀತೆಯನ್ನು ಹಚ್ಚಿದರೆ ಅವರ ಬೆರಳು ಮಂಚದ ಅಂಚಿನಲ್ಲಿ ತಾಳ ಹಾಕುತ್ತಿತ್ತು. ಪಲ್ಲವಿ ಮರಳಿ ಬರುವಲ್ಲಿ ತುಟಿ ತಪ್ಪದೆ ಆಡುತ್ತಿತ್ತು. ಜರ್ಮನಿಯ ಲೈಪ್ಜಿಗ್‌ನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಲೇಖನವೊಂದು, ಬಹುಕಾಲದಿಂದ ಬಲ್ಲ ಸಂಗೀತದ ನೆನಪಿಗೆ ಆಧಾರವಾದ ಮಿದುಳಿನ ಭಾಗಗಳು ಆಲ್ಜೈಮರ್ ರೋಗದ ಹಾವಳಿಗೆ ಇತರ ಭಾಗಗಳಷ್ಟು ಸಿಕ್ಕುವುದಿಲ್ಲವೆಂದು ತೋರಿಸಿದೆ. ಯಾವುದನ್ನು ನಾನು ಶೂನ್ಯದೋಷವೆಂದು ಕರೆಯುತ್ತ ಬಂದೆನೋ ಅದೇ ಕೊನೆಗೆ ಅವರಲ್ಲಿ ಉಳಿದಿದ್ದ ಆಸ್ತಿ.

ಆದುದರಿಂದ ವಿದ್ಯಾರ್ಥಿಮಿತ್ರರೆ, ನೀವು ಇಂದು ಕೇಳುತ್ತಿರುವ ಹಾಡುಗಳನ್ನು ಹಗುರವೆಂದೆಣಿಸಬೇಡಿ. ಮುಪ್ಪಿನಲ್ಲಿ ನಿಮ್ಮ ಜೊತೆಗಿರುವವು ಬಹುಶಃ ಇವೇ. ಅಂತೆಯೇ, ಹಿರಿಯರು ಮೂಗುಮುರಿದಾಗ ಸಿಟ್ಟಾಗಬೇಡಿ. ಅವರು ನಿಮ್ಮ ಹಾಡನ್ನು ಹಳಿಯುತ್ತಿಲ್ಲ, ತಮ್ಮ ಹದಿನೈದನ್ನು ಹುಡುಕುತ್ತಿದ್ದಾರೆ. ಶೂನ್ಯದೋಷವಿರುವುದು ಉಪಕರಣಕ್ಕೆ ಅವಮಾನವಲ್ಲ. ಅದನ್ನು ನೋಡಿಕೊಳ್ಳದೆ ಅಂಕಿ ಬರೆಯುವುದು ಪ್ರಯೋಗಕಾರನ ತಪ್ಪು.

ಮರುವಾರ ಆ ವಿದ್ಯಾರ್ಥಿಯನ್ನು ಕರೆದು, ಅವನ ಹಾಡನ್ನು ನನ್ನ ಫೋನಿಗೆ ಕಳಿಸಿಕೊಂಡೆ. ಮೊದಲ ಸಲ ಹಿಡಿಸಲಿಲ್ಲ. ಎರಡನೆಯ ಸಲವೂ ಇಲ್ಲ. ತಿಂಗಳ ಬಳಿಕ ಪ್ರಯೋಗದ ಪುಸ್ತಕಗಳನ್ನು ತಿದ್ದುತ್ತ ಕುಳಿತಿದ್ದಾಗ ಏನನ್ನೋ ಗುನುಗುತ್ತಿದ್ದೆ. ಅದು ಯಾವ ಹಾಡೆಂದು ಹೊಳೆದಾಗ ತಿದ್ದುವ ಕೈ ತಡೆಯಿತು. ಅದು ‘ಮುಂಗಾರು ಮಳೆ’ಯದಾಗಿರಲಿಲ್ಲ.