ಜೈನಗ್ರಂಥಗಳಲ್ಲಿ ಗರ್ಭವೃದ್ಧಿಕ್ರಮ

ಜೀವವು ಗರ್ಭವನ್ನು ಪ್ರವೇಶಿಸಿದಂದಿನಿಂದ ಪ್ರಸವಪರ್ಯಂತ ಶಿಶುವಿನಲ್ಲಿಯೂ ಮಾತೆಯಲ್ಲಿಯೂ ಉಂಟಾಗುವ ಪರಿವರ್ತನೆಗಳನ್ನು ಜೈನಾಚಾರ್ಯರು ಸೂಕ್ಷ್ಮವಾಗಿ ನಿರೂಪಿಸಿದ್ದಾರೆ. ತತ್ತ್ವಾರ್ಥಸೂತ್ರದ ದ್ವಿತೀಯಾಧ್ಯಾಯದಲ್ಲಿ ಸಮ್ಮೂರ್ಛನ, ಗರ್ಭ, ಉಪಪಾದಗಳೆಂದು ಜನ್ಮವು ತ್ರಿವಿಧವೆಂದೂ, ಜರಾಯುಜ, ಅಂಡಜ, ಪೋತಗಳಿಗೆ ಗರ್ಭಜನ್ಮವೆಂದೂ ಹೇಳಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಆದರೆ ಗರ್ಭದ ಕ್ರಮವೃದ್ಧಿಯನ್ನು ವಿಸ್ತಾರವಾಗಿ ಅರಿಯಬೇಕಾದರೆ ಮುಖ್ಯವಾಗಿ ಮೂರು ಗ್ರಂಥಗಳನ್ನು ನೋಡಬೇಕಾಗುತ್ತದೆ. ಅವು ವ್ಯಾಖ್ಯಾಪ್ರಜ್ಞಪ್ತಿ ಎಂಬ ಭಗವತೀಸೂತ್ರದ ಪ್ರಥಮ ಶತಕ, ತಂಡುಲವೈಚಾರಿಕ ಎಂಬ ಪ್ರಕೀರ್ಣಕ ಹಾಗೂ ಶಿವಾರ್ಯರ ಭಗವತೀ ಆರಾಧನೆ. ಮೊದಲೆರಡು ಶ್ವೇತಾಂಬರ ಪರಂಪರೆಯ ಆಗಮಗಳು. ಮೂರನೆಯದು ದಿಗಂಬರರಲ್ಲಿ ಪೂಜ್ಯವಾದುದು. ಕನ್ನಡದ ವಡ್ಡಾರಾಧನೆಯ ಕಥೆಗಳಿಗೆ ಇದರ ಗಾಥೆಗಳೇ ಆಧಾರ.

ಈ ಗ್ರಂಥಗಳಾವುವೂ ವೈದ್ಯಗ್ರಂಥಗಳಲ್ಲ. ಆರಾಧನೆಯಲ್ಲಿ ಗರ್ಭವರ್ಣನೆಯು ಬ್ರಹ್ಮಚರ್ಯದ ಪ್ರಕರಣದಲ್ಲಿ, ದೇಹದ ಅಶುಚಿತ್ವವನ್ನು ಮನಗಾಣಿಸುವುದಕ್ಕಾಗಿ ಬಂದಿದೆ. ತಂಡುಲವೈಚಾರಿಕದ ಉದ್ದೇಶವೂ ವೈರಾಗ್ಯವೇ. ನೂರು ವರ್ಷ ಬಾಳುವವನು ಉಣ್ಣುವ ಅಕ್ಕಿಯ ಕಾಳುಗಳನ್ನು ಲೆಕ್ಕ ಹಾಕಿ ಆಯುಷ್ಯದ ನಿಸ್ಸಾರತೆಯನ್ನು ತೋರಿಸುವುದರಿಂದಲೇ ಅದಕ್ಕೆ ಆ ಹೆಸರು ಬಂದಿದೆ. ಈ ಪ್ರಯೋಜನವನ್ನು ಮರೆತು ಆ ವರ್ಣನೆಗಳನ್ನು ಇಂದಿನ ಶರೀರಶಾಸ್ತ್ರದೊಡನೆ ಪದಪದಕ್ಕೂ ಹೊಂದಿಸಹೊರಟರೆ ಗ್ರಂಥಕ್ಕೂ ಶಾಸ್ತ್ರಕ್ಕೂ ನ್ಯಾಯ ದೊರೆಯದು.

ಮಾಸಾನುಕ್ರಮ

ತಂಡುಲವೈಚಾರಿಕದ ಮೇರೆಗೆ ಗರ್ಭವು ಮೊದಲ ಏಳು ದಿನ ಕಲಲರೂಪದಲ್ಲಿಯೂ ಅನಂತರದ ಏಳು ದಿನ ಅರ್ಬುದರೂಪದಲ್ಲಿಯೂ ಇದ್ದು, ಬಳಿಕ ಪೇಶಿಯಾಗಿ, ಆಮೇಲೆ ಘನವಾಗುತ್ತದೆ. ಮೊದಲ ತಿಂಗಳಲ್ಲಿ ಅದರ ತೂಕ ಒಂದು ಕರ್ಷ ಕಡಿಮೆಯಾದ ಒಂದು ಪಲ. ಮೂರನೆಯ ತಿಂಗಳಲ್ಲಿ ತಾಯಿಗೆ ದೋಹದ ಹುಟ್ಟುತ್ತದೆ. ನಾಲ್ಕನೆಯ ತಿಂಗಳಲ್ಲಿ ಆಕೆಯ ಅಂಗಗಳು ಪುಷ್ಟವಾಗುತ್ತವೆ. ಐದನೆಯದರಲ್ಲಿ ಕೈಕಾಲು ಮತ್ತು ತಲೆಯೆಂಬ ಐದು ಪಿಂಡಗಳು ಮೂಡುತ್ತವೆ. ಆರನೆಯದರಲ್ಲಿ ಪಿತ್ತ ಮತ್ತು ರಕ್ತ, ಏಳನೆಯದರಲ್ಲಿ ೭೦೦ ಸಿರೆಗಳು, ೫೦೦ ಪೇಶಿಗಳು, ೯ ಧಮನಿಗಳು ಮತ್ತು ರೋಮಕೂಪಗಳು ಉಂಟಾಗಿ, ಎಂಟನೆಯ ತಿಂಗಳಲ್ಲಿ ಗರ್ಭವು ಬಹುಮಟ್ಟಿಗೆ ಪೂರ್ಣವಾಗುತ್ತದೆ.

ಆರಾಧನೆಯ ಕ್ರಮ ಬೇರೆ. ಅಲ್ಲಿ ಬೀಜವು ಹತ್ತು ರಾತ್ರಿ ಕಲಲವಾಗಿ, ಹತ್ತು ರಾತ್ರಿ ಕಲುಷವಾಗಿ, ಹತ್ತು ರಾತ್ರಿ ಸ್ಥಿರವಾಗಿ ಇರುತ್ತದೆ. ಮುಂದೆ ಒಂದೊಂದು ತಿಂಗಳಿಗೆ ಬುದ್ಬುದ, ಘನ, ಮಾಂಸಪೇಶಿ, ಐದು ಪುಲಕಗಳು, ಅಂಗೋಪಾಂಗಗಳು ಎಂಬ ಅವಸ್ಥೆಗಳು ಬರುತ್ತವೆ. ಏಳನೆಯ ತಿಂಗಳಲ್ಲಿ ಚರ್ಮ, ಉಗುರು, ರೋಮಗಳೂ ಎಂಟನೆಯದರಲ್ಲಿ ಸ್ಪಂದನವೂ ಉಂಟಾಗಿ, ಒಂಬತ್ತು ಅಥವಾ ಹತ್ತನೆಯ ತಿಂಗಳಲ್ಲಿ ನಿರ್ಗಮನವಾಗುತ್ತದೆ.

ಒಂದರಲ್ಲಿ ಪೇಶಿಯ ಅನಂತರ ಘನ, ಇನ್ನೊಂದರಲ್ಲಿ ಘನದ ಅನಂತರ ಪೇಶಿ ಬಂದಿರುವುದು ಗಮನಾರ್ಹ. ಕಲಲ, ಅರ್ಬುದ, ಪೇಶಿ, ಘನ ಎಂಬ ತಂಡುಲವೈಚಾರಿಕದ ಅನುಕ್ರಮವು ಬೌದ್ಧರ ಪಾಲಿ ಗ್ರಂಥಗಳಲ್ಲಿಯೂ ಕಾಣಬರುತ್ತದೆ. ಸುಶ್ರುತಸಂಹಿತೆಯಲ್ಲಾದರೋ ಪಿಂಡ, ಪೇಶಿ, ಅರ್ಬುದಗಳು ಒಂದರ ಬಳಿಕ ಒಂದು ಬರುವ ಅವಸ್ಥೆಗಳಲ್ಲ. ಅವು ಎರಡನೆಯ ತಿಂಗಳಲ್ಲಿ ಕ್ರಮವಾಗಿ ಪುರುಷ, ಸ್ತ್ರೀ, ನಪುಂಸಕಗಳನ್ನು ಸೂಚಿಸುವ ಆಕಾರಭೇದಗಳು. ಹೀಗೆ ಒಂದೇ ಪರಿಭಾಷೆ ಬೇರೆ ಬೇರೆ ಪರಂಪರೆಗಳಲ್ಲಿ ಬೇರೆ ಬೇರೆ ಅರ್ಥವನ್ನು ಪಡೆದಿದೆ. ಆದಕಾರಣ ಒಂದು ಗ್ರಂಥದ ಪ್ರತಿಯನ್ನು ಇನ್ನೊಂದರ ಬಲದಿಂದ ತಿದ್ದುವುದು ಸಂಪಾದಕನಿಗೆ ತಕ್ಕುದಲ್ಲ.

ಕಾಲಗಣನೆಯ ಶುದ್ಧಿ

ಗರ್ಭವಾಸದ ಅವಧಿಯನ್ನು ತಂಡುಲವೈಚಾರಿಕವು ೨೭೭½ ಅಹೋರಾತ್ರಗಳೆಂದು ಹೇಳುತ್ತದೆ. ಮೂವತ್ತು ದಿನಗಳ ಒಂಬತ್ತು ತಿಂಗಳಿಗೆ ಏಳೂವರೆ ದಿನ ಸೇರಿದರೆ ಇದೇ ಮೊತ್ತ ಬರುತ್ತದೆ. ಕಲ್ಪಸೂತ್ರವು ವರ್ಧಮಾನಸ್ವಾಮಿಯ ಗರ್ಭವಾಸಕ್ಕೆ ಹೇಳುವ ಅವಧಿಯೂ ಇಷ್ಟೇ. ಇದನ್ನೇ ಮುಹೂರ್ತಗಳಲ್ಲಿ ೮,೩೨೫ ಎಂದೂ ಉಚ್ಛ್ವಾಸನಿಃಶ್ವಾಸಗಳಲ್ಲಿ ೩,೧೪,೧೦,೨೨೫ ಎಂದೂ ಗ್ರಂಥವು ಕೊಟ್ಟಿದೆ. ಅಹೋರಾತ್ರಕ್ಕೆ ೩೦ ಮುಹೂರ್ತ, ಮುಹೂರ್ತಕ್ಕೆ ೩,೭೭೩ ಉಚ್ಛ್ವಾಸ ಎಂಬ ಪ್ರಸಿದ್ಧ ಮಾನದಿಂದ ಗುಣಿಸಿದರೆ ಈ ಎರಡು ಸಂಖ್ಯೆಗಳೂ ಲೋಪವಿಲ್ಲದೆ ಹೊಂದುತ್ತವೆ. ಲಿಪಿಕಾರರ ಕೈಯಲ್ಲಿ ಅಂಕೆಗಳು ಬಹುಬೇಗ ಕೆಡುವುದರಿಂದ, ಗ್ರಂಥದೊಳಗೇ ಇರುವ ಇಂತಹ ತಾಳೆ ಹಸ್ತಪ್ರತಿಶೋಧಕನಿಗೆ ದೊಡ್ಡ ಸಹಾಯ.

ಇಂದಿನ ವೈದ್ಯರು ಕೊನೆಯ ಋತುಸ್ರಾವದ ಮೊದಲ ದಿನದಿಂದ ಎಣಿಸಿ ೨೮೦ ದಿನಗಳೆಂದೂ, ಗರ್ಭಧಾರಣೆಯ ದಿನದಿಂದ ಎಣಿಸಿ ಸುಮಾರು ೨೬೬ ದಿನಗಳೆಂದೂ ಹೇಳುತ್ತಾರೆ. ಗ್ರಂಥೋಕ್ತ ಸಂಖ್ಯೆ ಇವೆರಡರ ನಡುವೆ ಬರುತ್ತದೆ. ಆದರೆ ಎಲ್ಲ ವಿಷಯಗಳಲ್ಲಿಯೂ ಈ ಸಾಮೀಪ್ಯವಿಲ್ಲ. ಕರ್ಷವನ್ನು ಸುಮಾರು ೧೨ ಗ್ರಾಂ ಎಂದು ಹಿಡಿದರೆ ಮೊದಲ ತಿಂಗಳಿಗೆ ಹೇಳಿದ ತೂಕ ೩೬ ಗ್ರಾಂ ಆಗುತ್ತದೆ. ವಾಸ್ತವವಾಗಿ ನಾಲ್ಕು ವಾರದ ಭ್ರೂಣವು ಸುಮಾರು ೫ ಮಿಲಿಮೀಟರ್ ಉದ್ದವಿದ್ದು ಒಂದು ಗ್ರಾಂ ಕೂಡ ತೂಗದು. ಅದರ ಹೃದಯವು ಮೂರು ವಾರ ಕಳೆದೊಡನೆ ಮಿಡಿಯತೊಡಗುತ್ತದೆ; ಕೈಕಾಲುಗಳ ಮೊಳಕೆ ಎರಡನೆಯ ತಿಂಗಳಿನಲ್ಲಿಯೇ ಕಾಣುತ್ತದೆ. ಚಲನೆಯೂ ಆ ತಿಂಗಳಿನ ಕೊನೆಗೆ ಆರಂಭವಾಗುತ್ತದೆ. ಚೊಚ್ಚಲ ಗರ್ಭಿಣಿಗೆ ಅದು ಅನುಭವಕ್ಕೆ ಬರುವುದು ಸಾಮಾನ್ಯವಾಗಿ ೧೮ರಿಂದ ೨೦ನೆಯ ವಾರದಲ್ಲಿ.

ಮಾತೃಶರೀರದ ಪರಿವರ್ತನೆ

ತಾಯಿಯ ವಿಷಯದಲ್ಲಿ ಗ್ರಂಥಗಳು ಹೇಳುವ ಮಾತು ಮಿತವಾದರೂ ಅರ್ಥವತ್ತಾಗಿದೆ. ಮೂರನೆಯ ತಿಂಗಳ ದೋಹದವೆಂದರೆ ಕನ್ನಡಿಗರು ಹೇಳುವ ಬಯಕೆ. ನಾಲ್ಕನೆಯ ತಿಂಗಳಿನಿಂದ ಅಂಗಗಳು ತುಂಬಿಕೊಳ್ಳುವುವೆಂಬ ಮಾತೂ ಲೋಕಾನುಭವಕ್ಕೆ ಸಮ್ಮತವಾದುದೇ. ಮೊದಲ ಮೂರು ತಿಂಗಳ ಓಕರಿಕೆ ಬಹುಪಾಲು ಸ್ತ್ರೀಯರಲ್ಲಿ ನಾಲ್ಕನೆಯ ತಿಂಗಳ ಹೊತ್ತಿಗೆ ಇಳಿಯುತ್ತದೆ. ಗರ್ಭಕೋಶವು ಸುಮಾರು ೭೦ ಗ್ರಾಂನಿಂದ ಒಂದು ಕಿಲೋಗ್ರಾಂ ಮೀರಿ ಬೆಳೆಯುತ್ತದೆ. ಐದನೆಯ ತಿಂಗಳಿಗೆ ಅದರ ಮೇಲಂಚು ಹೊಕ್ಕುಳಿನ ಮಟ್ಟವನ್ನು ಮುಟ್ಟುತ್ತದೆ. ತಾಯಿಯ ರಕ್ತದ ಪ್ರಮಾಣವು ನೂರಕ್ಕೆ ೪೦ರಿಂದ ೫೦ರಷ್ಟು ಹೆಚ್ಚುತ್ತದೆ. ರಕ್ತಕಣಗಳಿಗಿಂತ ದ್ರವಭಾಗವು ಹೆಚ್ಚು ಬೆಳೆಯುವುದರಿಂದ ಮೊದಲೇ ರಕ್ತಹೀನತೆಯುಳ್ಳವಳ ಸ್ಥಿತಿ ಇನ್ನಷ್ಟು ಬಿಗಡಾಯಿಸುತ್ತದೆ.

ರಸಹರಣಿಯ ವಿಚಾರ

ಈ ಎಲ್ಲ ವರ್ಣನೆಗಳಲ್ಲಿ ಅತ್ಯಂತ ಮನನೀಯವಾದುದು ಭಗವತೀಸೂತ್ರದ ರಸಹರಣಿಗಳ ಪ್ರತಿಪಾದನೆ. ಗರ್ಭಸ್ಥ ಜೀವವು ಬಾಯಿಯಿಂದ ಕವಲಾಹಾರವನ್ನು ಸೇವಿಸದು. ಅದಕ್ಕೆ ಎರಡು ರಸಹರಣಿಗಳಿವೆ: ಒಂದು ತಾಯಿಯ ಜೀವಕ್ಕೆ ಪ್ರತಿಬದ್ಧವಾಗಿ ಶಿಶುವನ್ನು ಸ್ಪರ್ಶಿಸುವುದು, ಇನ್ನೊಂದು ಶಿಶುವಿನ ಜೀವಕ್ಕೆ ಪ್ರತಿಬದ್ಧವಾಗಿ ತಾಯಿಯನ್ನು ಸ್ಪರ್ಶಿಸುವುದು. ಮೊದಲನೆಯದರಿಂದ ಶಿಶುವು ಆಹಾರವನ್ನು ಗ್ರಹಿಸಿ ಪರಿಣಮಿಸಿಕೊಳ್ಳುತ್ತದೆ; ಎರಡನೆಯದರಿಂದ ಅದನ್ನು ಸಂಚಯಿಸಿ ಬೆಳೆಯುತ್ತದೆ. ಪ್ರತಿಬದ್ಧ ಮತ್ತು ಸ್ಪೃಷ್ಟ ಎಂಬ ಎರಡು ಪದಗಳ ಭೇದವನ್ನು ಇಲ್ಲಿ ಲಕ್ಷಿಸಬೇಕು. ಎರಡು ಜೀವಗಳು ಒಂದನ್ನೊಂದು ಮುಟ್ಟುತ್ತವೆಯೇ ಹೊರತು ಒಂದಾಗುವುದಿಲ್ಲ. ಮಾಸಿನಲ್ಲಿ ತಾಯಿಯ ರಕ್ತವೂ ಶಿಶುವಿನ ರಕ್ತವೂ ಸಮೀಪದಲ್ಲಿಯೇ ಹರಿದರೂ ಸಾಮಾನ್ಯವಾಗಿ ಬೆರೆಯುವುದಿಲ್ಲವೆಂದೂ, ತೆಳುವಾದ ಪೊರೆಯ ಮೂಲಕ ಪ್ರಾಣವಾಯು ಮತ್ತು ಪೋಷಕಾಂಶಗಳು ಶಿಶುವಿಗೆ ಸಲ್ಲುವುವೆಂದೂ ಇಂದು ತಿಳಿದಿದೆ. ಪ್ರತಿಜೀವವೂ ಪೃಥಕ್ ಎಂಬ ಸಿದ್ಧಾಂತದಿಂದ ಹೊರಟ ಆಗಮವು ಈ ತತ್ತ್ವಕ್ಕೆ ಸಮೀಪವಾಗಿ ಬಂದಿದೆ. ಆದರೂ ಗರ್ಭಸ್ಥನಿಗೆ ಮಲಮೂತ್ರಗಳಿಲ್ಲವೆಂಬ ಅಲ್ಲಿಯ ಮಾತು ಪೂರ್ಣವಾಗಿ ಹೊಂದದು. ಶಿಶುವು ಗರ್ಭೋದಕವನ್ನು ನುಂಗುತ್ತದೆ, ಮೂತ್ರವನ್ನೂ ವಿಸರ್ಜಿಸುತ್ತದೆ.

ತಾಯಿ ಮಲಗಿದರೆ ಗರ್ಭಸ್ಥನು ಮಲಗುವನು, ಎಚ್ಚತ್ತರೆ ಎಚ್ಚರುವನು, ಆಕೆಯ ಸುಖದುಃಖಗಳೇ ಅವನ ಸುಖದುಃಖಗಳು ಎಂಬ ಆಗಮದ ಅಭಿಪ್ರಾಯವೂ ಈ ಸಂಬಂಧದಿಂದಲೇ ಹುಟ್ಟಿದುದು. ಗರ್ಭಸ್ಥ ವರ್ಧಮಾನನು ತಾಯಿಗೆ ನೋವಾಗಬಾರದೆಂದು ನಿಶ್ಚಲನಾದಾಗ ತ್ರಿಶಲಾದೇವಿಯು ಮಗುವಿಗೆ ಕೇಡಾಯಿತೆಂದು ಶೋಕಿಸಿದಳೆಂದು ಕಲ್ಪಸೂತ್ರವು ತಿಳಿಸುತ್ತದೆ. ಏಳನೆಯ ತಿಂಗಳಿನಿಂದ ಮುಂದೆ ಶಿಶುವಿನ ಚಲನೆ ಕುಗ್ಗಿದುದು ಕಂಡರೆ ಇಂದಿಗೂ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಆ ಮಾತೆಯ ಆತಂಕವು ನಿರಾಧಾರವಾದುದಲ್ಲ.

ಆಚರಣೆಯ ಪ್ರಶ್ನೆ

ಗರ್ಭಿಣಿಯರು ಪರ್ವದಿನಗಳಲ್ಲಿ ಕಠಿನ ಉಪವಾಸಗಳನ್ನು ಕೈಗೊಳ್ಳಬಹುದೇ ಎಂಬ ಪ್ರಶ್ನೆ ಪಂಡಿತರ ಮುಂದೆ ಬರುವುದುಂಟು. ಇದಕ್ಕೆ ಮೇಲಿನ ಗ್ರಂಥಭಾಗಗಳೇ ದಾರಿ ತೋರುತ್ತವೆ. ತಾಯಿಯ ಆಹಾರದ ರಸವೇ ಶಿಶುವಿನ ಆಹಾರವಾದ ಮೇಲೆ ಆಕೆಯ ಅನಶನವು ಆಕೆಯೊಬ್ಬಳದಾಗಿ ಉಳಿಯದು. ಸಂಕಲ್ಪವನ್ನೇ ಮಾಡದ ಇನ್ನೊಂದು ಜೀವಕ್ಕೂ ಅದು ತಟ್ಟುತ್ತದೆ. ತ್ಯಾಗವೂ ತಪಸ್ಸೂ ಶಕ್ತಿಗನುಗುಣವಾಗಿರಬೇಕೆಂದು ತತ್ತ್ವಾರ್ಥಸೂತ್ರವು ಷೋಡಶಭಾವನೆಗಳಲ್ಲಿ ಹೇಳಿದೆ. ತ್ರಿಶಲಾದೇವಿಯು ಅತಿಶೀತ, ಅತ್ಯುಷ್ಣ, ಅತಿತಿಕ್ತ, ಅತಿಕಟುಗಳನ್ನು ವರ್ಜಿಸಿ ಹಿತಮಿತವಾದ ಪಥ್ಯಾಹಾರದಿಂದ ಗರ್ಭವನ್ನು ಪೋಷಿಸಿದಳೆಂಬ ವರ್ಣನೆಯೂ ಇದಕ್ಕೆ ಪೋಷಕವಾಗಿದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಗರ್ಭಿಣಿಯರಲ್ಲಿ ನೂರಕ್ಕೆ ೫೨ ಮಂದಿ ರಕ್ತಹೀನತೆಯುಳ್ಳವರು. ನಾಲ್ಕನೆಯ ತಿಂಗಳಿನಿಂದ ೧೮೦ ದಿನ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ಸೇವಿಸುವ ಸರ್ಕಾರಿ ವಿಧಾನವು ಈ ಕೊರತೆಯನ್ನು ನೀಗುವುದಕ್ಕಾಗಿಯೇ ಏರ್ಪಟ್ಟಿದೆ. ಇಂತಹ ಸ್ಥಿತಿಯಲ್ಲಿ ಸ್ವಾಧ್ಯಾಯ, ಜಪ, ಸಾಮಾಯಿಕಗಳನ್ನು ತಪಸ್ಸಿನ ಅಂಗಗಳಾಗಿ ಗರ್ಭಿಣಿಗೆ ಉಪದೇಶಿಸುವುದು ಶಾಸ್ತ್ರವಿರುದ್ಧವೆನಿಸದು.

ಒಟ್ಟಿನಲ್ಲಿ, ಗರ್ಭಪ್ರಕರಣಗಳನ್ನು ಸಂಪಾದಿಸುವವರು ಸಂಖ್ಯೆಗಳನ್ನು ಗ್ರಂಥದ ಗಣಿತದಿಂದಲೇ ಪರೀಕ್ಷಿಸಿ, ಪಾಠಗಳನ್ನು ಆಯಾ ಪರಂಪರೆಯಲ್ಲಿಯೇ ಉಳಿಸಬೇಕು. ವ್ಯಾಖ್ಯಾನಿಸುವವರು ಹೊಂದುವುದನ್ನೂ ಹೊಂದದಿರುವುದನ್ನೂ ಸಮಾನ ನಿಷ್ಠೆಯಿಂದ ತೋರಿಸಬೇಕು. ದೇಹದ ನಿಸ್ಸಾರತೆಯನ್ನು ಬೋಧಿಸಲು ಹೊರಟ ಆಚಾರ್ಯರು ಆ ದೇಹವು ತಾಯಿಯ ಒಡಲಿನಲ್ಲಿ ಎಷ್ಟು ಪರಾಧೀನವಾಗಿ ಬೆಳೆಯುವುದೆಂಬುದನ್ನೂ ಜತೆಗೇ ತಿಳಿಸಿದ್ದಾರೆ. ವೈರಾಗ್ಯದ ಪಾಠದೊಳಗೆ ಅಡಗಿರುವ ಈ ದಯೆಯ ಪಾಠವು ಶ್ರಾವಕಲೋಕಕ್ಕೆ ಇಂದು ವಿಶೇಷವಾಗಿ ಉಪಾದೇಯವಾಗಿದೆ.